ನಾಯಿಮರಿಗೆ ಶೆಲ್ಟರ್‌ಗಿಂತ ನಿಮ್ಮನೆ ಬಚ್ಚಲೇ ವಾಸಿ, ಯಾಕೆ?

[ದೃಶ್ಯ: ಬಚ್ಚಲುಮನೆ. ನೆಲದ ತುಂಬ ಹಳೇ ಪೇಪರ್. ರಟ್ಟಿನ ಡಬ್ಬದಲ್ಲಿ ಮೂರು ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿವೆ.]

ನಮಸ್ಕಾರ. ಇದು ನಮ್ಮನೆ ಬಚ್ಚಲು. ಆರಡಿಗೆ ನಾಲ್ಕಡಿ. ಹೋದ ಶಿವರಾತ್ರಿಯಿಂದ ಯುಗಾದಿವರೆಗೆ ಇಲ್ಲಿ ಯಾರೂ ಸ್ನಾನ ಮಾಡಿಲ್ಲ. ಗಾಬರಿ ಬೇಡ, ಮನೇಲಿ ಇನ್ನೊಂದು ಬಚ್ಚಲಿದೆ. ಇಲ್ಲಿ ಈ ಮೂವರು ಬಾಡಿಗೆಗಿದ್ರು. ಬಾಡಿಗೆ ಕೊಡಲಿಲ್ಲ, ಬಾಗಿಲು ಮಾತ್ರ ಕೆರೆದು ಹಾಳು ಮಾಡಿ ಹೋದ್ರು.

ಇದಕ್ಕೆ ಫಾಸ್ಟರಿಂಗ್ ಅಂತಾರೆ. ದತ್ತು ತಗೊಳ್ಳೋದಲ್ಲ. ಪ್ರಾಣಿ, ಬೀದಿ ಪ್ರಾಣಿಗಳಿಗೆ ಆಸರೆ ಕೊಡೋ ಶೆಲ್ಟರ್‌ನವರದೇ, ಜವಾಬ್ದಾರಿಯೂ ಅವರದೇ. ಕೆಲವು ವಾರ ಅನ್ನ, ನೆರಳು ಮಾತ್ರ ನಿಮ್ಮದು. ಬಾಣಂತನಕ್ಕೆ ಮಗಳು ತವರಿಗೆ ಬಂದ ಹಾಗೆ ಅಂದ್ಕೊಳ್ಳಿ. ವಾಪಸ್ ಹೋಗ್ತಾಳೆ ಅಂತ ಗೊತ್ತಿದ್ದೇ ಕರೆಸಿಕೊಳ್ಳೋದು.

ಇದರ ಬಗ್ಗೆ ಮಾತಾಡುವಾಗ ಎಲ್ಲರೂ "ಪಾಪ, ಮರಿಗಳು" ಅಂತ ಶುರು ಮಾಡ್ತಾರೆ. ನಾನು ಪಾಪ ಅನ್ನೋದನ್ನ ಪಕ್ಕಕ್ಕಿಟ್ಟು ಲೆಕ್ಕದಿಂದ ಶುರು ಮಾಡ್ತೀನಿ.

[ದೃಶ್ಯ: ಬಿಳಿ ಹಲಗೆ. 6, 16 ಎಂಬ ಅಂಕಿಗಳು.]

ಕಾರ್ತಿಕದ ನಾಯಿ ಅಂತ ನಮ್ಮಲ್ಲಿ ಬೈತಾರಲ್ಲ, ಆ ಬೈಗುಳದಲ್ಲಿ ಒಂದು ಕ್ಯಾಲೆಂಡರ್ ಇದೆ. ನಾಯಿ ಗಬ್ಬದ ಅವಧಿ ಸುಮಾರು 63 ದಿನ. ಮಳೆ ನಿಂತ ಮೇಲೆ ಬೆದೆಗೆ ಬಂದ ನಾಯಿಗಳು ಚಳಿಗಾಲದಲ್ಲಿ ಮರಿ ಹಾಕ್ತವೆ. ಶಿವರಾತ್ರಿ ಹೊತ್ತಿಗೆ ಆ ಮರಿಗಳು ಮೋರಿಯಿಂದ ರಸ್ತೆಗೆ ಬರ್ತವೆ. ಶೆಲ್ಟರ್‌ನವರ ಫೋನು ಆಗ ಬಡ್ಕೊಳ್ಳೋಕೆ ಶುರು.

ಆ ಆರು ವಾರದ ಮರಿಗೆ ರೋಗ ತಡೆಯೋ ಶಕ್ತಿ ಸ್ವಂತದ್ದಲ್ಲ, ತಾಯಿ ಹಾಲಿಂದ ಬಂದದ್ದು. ಸುಮಾರು 6ರಿಂದ 16 ವಾರದ ಒಳಗೆ ಅದು ಕರಗ್ತಾ ಹೋಗುತ್ತೆ. ಹಾಗಾದ್ರೆ ಮೊದಲೇ ಲಸಿಕೆ ಹಾಕ್ಸಿದ್ರೆ ಮುಗೀತಲ್ಲ? ಮುಗಿಯಲ್ಲ. ತಾಯಿ ಕಳಿಸಿದ ಕಾವಲುಗಾರರು ಇನ್ನೂ ಗೇಟಲ್ಲಿದ್ರೆ, ಪಾಠ ಹೇಳೋಕೆ ಬಂದ ಲಸಿಕೆಯನ್ನೇ ಕಳ್ಳ ಅಂತ ಹೊಡೆದು ಓಡಿಸ್ತಾರೆ. ಮರಿಯ ದೇಹ ಏನೂ ಕಲಿಯಲ್ಲ. ಕಾವಲುಗಾರರು ಯಾವ ದಿನ ಕೆಲಸ ಬಿಟ್ಟು ಹೋಗ್ತಾರೆ ಅಂತ ಯಾರಿಗೂ ಗೊತ್ತಾಗಲ್ಲ, ಒಂದೊಂದು ಮರಿಗೆ ಒಂದೊಂದು ದಿನ. ಅದಕ್ಕೇ ಡಾಕ್ಟ್ರು 6–8 ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ ಮತ್ತೆ ಮತ್ತೆ ಚುಚ್ಚೋದು. ದುಡ್ಡಿಗೋಸ್ಕರ ಅಲ್ಲ.

ಹಳೇ ಕಾವಲು ಹೋಗಿದೆ, ಹೊಸದು ಬಂದಿಲ್ಲ. ಆ ಸಂದಿಯಲ್ಲೇ ಪಾರ್ವೋ ಅನ್ನೋ ವೈರಸ್ ನುಗ್ಗೋದು. ರಕ್ತ ಬೆರೆತ ಭೇದಿ, ನಿಲ್ಲದ ವಾಂತಿ. ಇವತ್ತು ಬೆಳಿಗ್ಗೆ ಬಾಲ ಅಲ್ಲಾಡಿಸಿದ ಮರಿ ನಾಳೆ ಸಂಜೆಗೆ ಇರದೇ ಹೋಗಬಹುದು.

ಈಗ ಶೆಲ್ಟರ್ ನೆನಪಿಸಿಕೊಳ್ಳಿ. ದಿನಾ ಬೀದಿಯಿಂದ ಹೊಸ ನಾಯಿ ಬರುತ್ತೆ, ಕಾಯಿಲೆಯವೇ ಜಾಸ್ತಿ. ಅಲ್ಲಿನವರು ಎಷ್ಟೇ ತೊಳೆದ್ರೂ ಅದೊಂದು ಆಸ್ಪತ್ರೆ ಕಾರಿಡಾರ್ ಇದ್ದ ಹಾಗೆ. ಹಸುಗೂಸನ್ನ ಎರಡು ತಿಂಗಳು ಆಸ್ಪತ್ರೆ ಕಾರಿಡಾರಲ್ಲಿ ಮಲಗಿಸ್ತೀರಾ?

ಸರಿ, ಬೇರೆ ಗೂಡಿಗೆ ಹಾಕಿ ಬೀಗ ಹಾಕೋಣ ಅಂದ್ರೆ ಇನ್ನೊಂದು ಪೇಚು. ಮೂರನೇ ವಾರದಿಂದ ಸುಮಾರು 14ನೇ ವಾರದವರೆಗೆ ನಾಯಿಮರಿ ಲೋಕ ಕಲಿಯೋ ಕಾಲ. ಆಗ ಕೇಳಿದ ಸದ್ದು, ಕಂಡ ಮುಖ ಜೀವನಪೂರ್ತಿ ಮಾಮೂಲು, ಕೇಳದ್ದು ಹೆದರಿಕೆ. ಶೆಲ್ಟರ್‌ನಲ್ಲಿ ಮಿಕ್ಸಿ ಇರಲ್ಲ. ಕಾಲಿಂಗ್ ಬೆಲ್, ಚೂಡಿದಾರದ ದುಪಟ್ಟಾ, ಹೆಲ್ಮೆಟ್ ಹಾಕ್ಕೊಂಡು ಒಳಗೆ ಬರೋ ಅಣ್ಣ, ಇದ್ಯಾವುದೂ ಅಲ್ಲಿ ಕಾಣ್ಸಲ್ಲ. ರೋಗದಿಂದ ದೂರ ಇಡಬೇಕಾದ ವಾರಗಳೂ, ಜನರ ಜೊತೆ ಬೆರೆಸಬೇಕಾದ ವಾರಗಳೂ ಹೆಚ್ಚುಕಮ್ಮಿ ಒಂದೇ. ಎರಡೂ ಒಟ್ಟಿಗೆ ಆಗೋ ಜಾಗ ಒಂದು ಮನೆ ಮಾತ್ರ. ಅದಕ್ಕೇ ಈ ಬಚ್ಚಲು.

[ದೃಶ್ಯ: ಕೈಯಲ್ಲಿ ಫಿನಾಯಿಲ್ ಬಾಟಲಿ.]

ಇದನ್ನ ನಾನು ಕಲಿತದ್ದು ತಪ್ಪು ಮಾಡಿ. ಮೊದಲ ಸಲ ತಂದ ಮರಿ ಪಾರ್ವೋ ಬಂದು ಹೋಯ್ತು. ಅತ್ತು, ನೆಲಕ್ಕೆಲ್ಲ ಫಿನಾಯಿಲ್ ಸುರಿದು ಉಜ್ಜಿ, ಎರಡು ತಿಂಗಳು ಬಿಟ್ಟು ಇನ್ನೊಂದು ತಂದೆ. ಐದನೇ ದಿನ ಅದು ಊಟ ಬಿಡ್ತು. ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತೆ, ನಾವು ಮನೆಗೆ ಬಳಸೋ ಫಿನಾಯಿಲ್‌ಗೆಲ್ಲ ಅದು ಜಗ್ಗಲ್ಲ. ಬೇಕಿದ್ದದ್ದು ಬ್ಲೀಚ್: ಒಂದು ಪಾಲಿಗೆ 30 ಪಾಲು ನೀರು. ಮೊದಲು ಹೇಲು, ಕೊಳೆ ಪೂರ್ತಿ ತೆಗೀಬೇಕು, ಆಮೇಲೆ ಹಾಕಿ ಹತ್ತು ನಿಮಿಷ ಒದ್ದೆಯಾಗೇ ಬಿಡಬೇಕು. ಆ ಎರಡನೇ ಮರಿ ಐದು ದಿನ ಡ್ರಿಪ್‌ನಲ್ಲಿದ್ದು ಉಳೀತು. ಮೊದಲನೇದರ ಫೋಟೋ ಇನ್ನೂ ಫೋನಲ್ಲಿದೆ. ಇಲ್ಲಿ ತೋರಿಸಲ್ಲ.

ಅಂದ ಹಾಗೆ ಮನೇಲಿ ಬೆಕ್ಕಿದ್ರೆ ಫಿನಾಯಿಲ್ ಬೇಡವೇ ಬೇಡ. ಅದರಲ್ಲಿರೋ ಫೀನಾಲ್ ಬೆಕ್ಕಿನ ಲಿವರ್‌ಗೆ ವಿಷ.

ಬೆಕ್ಕಿನ ಮಾತು ಬಂತಲ್ಲ, ಒಂದು ವಿಷಯ. ಮೀಟರ್ ಬೋರ್ಡ್ ಹಿಂದೆ, ಅಟ್ಟದ ಮೇಲೆ ಮರಿಗಳು ಕಂಡ ತಕ್ಷಣ ಎತ್ಕೊಂಡು ಬರಬೇಡಿ. ತಾಯಿ ಬೇಟೆಗೆ ಹೋಗಿರುತ್ತೆ. ಮರಿಗಳು ಬೆಚ್ಚಗೆ, ಸುಮ್ಮನೆ ಮಲಗಿದ್ರೆ ಕೆಲವು ಗಂಟೆ ದೂರ ನಿಂತು ಕಾಯಿರಿ. ತಾಯಿ ನಿಜವಾಗ್ಲೂ ಬರದಿದ್ರೆ ಮಾತ್ರ ನಿಮ್ಮ ಕೆಲಸ, ಮತ್ತದು ಕೆಲಸವೇ. ಕಣ್ಣು ಬಿಡದ ಮರಿಗೆ ಎರಡು ಮೂರು ಗಂಟೆಗೊಮ್ಮೆ ಹಾಲು, ರಾತ್ರಿಯೂ. ಹಸುವಿನ ಹಾಲಲ್ಲ, ಅದಕ್ಕೆ ಭೇದಿ ಆಗುತ್ತೆ. ಬೆಕ್ಕಿನ ಮರಿಗೆ ಅಂತಲೇ ಮಾಡಿದ ಹಾಲಿನ ಪುಡಿ ಸಿಗುತ್ತೆ. ಮೈ ತಣ್ಣಗಿದ್ದಾಗ ಕುಡಿಸಲೇಬಾರದು. ಬಾಟಲಿಗೆ ಬಿಸಿನೀರು ತುಂಬಿ, ಹಳೇ ಪಂಚೆ ಸುತ್ತಿ ಪಕ್ಕದಲ್ಲಿಟ್ಟು ಮೊದಲು ಬೆಚ್ಚಗೆ ಮಾಡಿ. ಕುಡಿಸುವಾಗ ಅಂಗಾತ ಮಲಗಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತೆ, ಬೋರಲೇ ಇರಲಿ. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆತ್ತಗೆ ಒರೆಸಬೇಕು. ಹಾಗೆ ಮಾಡದಿದ್ರೆ ಅಷ್ಟು ಚಿಕ್ಕ ಮರಿಗೆ ಉಚ್ಚೆ ಹೊಯ್ಯೋಕೂ ಬರಲ್ಲ. ತಾಯಿ ನಾಲಿಗೆ ಮಾಡೋ ಕೆಲಸ ಅದು. ದಿನಾ ಒಂದೇ ಹೊತ್ತಿಗೆ ತೂಕ ನೋಡಿ. ನಾನು ಅಡುಗೆಮನೆ ತಕ್ಕಡಿ ತಗೊಂಡೆ, ಅಮ್ಮ ಹೊಸದು ತರಿಸಿಕೊಂಡ್ರು.

ಗಿಳಿಮರಿ, ಗಾಳಿಪಟದ ಮಾಂಜಾಕ್ಕೆ ಸಿಕ್ಕ ಹದ್ದು, ಕೋತಿಮರಿ, ಇವನ್ನ ಮಾತ್ರ ಮನೇಲಿಟ್ಟು ಸಾಕೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಬರ್ತವೆ. ಬೆಂಗಳೂರಲ್ಲಾದ್ರೆ ಕೆಂಗೇರಿ ಹತ್ತಿರ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಬೇರೆ ಊರಲ್ಲಾದ್ರೆ ಅರಣ್ಯ ಇಲಾಖೆ.

[ದೃಶ್ಯ: ಬಕೆಟ್‌ನಲ್ಲಿ ನೆನೆಹಾಕಿದ ಸ್ಟೀಲ್ ಬಟ್ಟಲುಗಳು.]

ಮನೆ ಬಾಡಿಗೇದು, ಓನರ್ ಆಂಟಿ ಒಪ್ಪಲ್ಲ ಅನ್ನೋರು ಶೆಲ್ಟರ್‌ನಲ್ಲಿ ಸ್ವಯಂಸೇವಕರಾಗಬಹುದು. 1991ರಲ್ಲಿ ಬೆಂಗಳೂರಿನಲ್ಲಿ ಕ್ಯೂಪಾ ಅನ್ನೋ ಪ್ರಾಣಿರಕ್ಷಣಾ ಸಂಸ್ಥೆ ಶುರು ಮಾಡಿದ ಕ್ರಿಸ್ಟಲ್ ರೋಜರ್ಸ್‌ಗೆ ಆಗ ಎಂಬತ್ತು ದಾಟಿತ್ತು. ಅದಕ್ಕೂ ಮುಂಚೆ ಜೈಪುರದಲ್ಲಿ ಒಂದು ಸಂಸ್ಥೆ ಕಟ್ಟಿ ಬಂದಿದ್ರು. ವಯಸ್ಸಾಯ್ತು ಅನ್ನೋರಿಗೆ ನಾನು ಈ ಕಥೆ ಹೇಳ್ತೀನಿ.

ಆದ್ರೆ ನಾಯಿ ಮುದ್ದಾಡೋಕೆ ಅಂತ ಹೋದ್ರೆ ಎರಡನೇ ಭಾನುವಾರಕ್ಕೆ ನಿಮಗೇ ಸಾಕಾಗುತ್ತೆ. ಅಲ್ಲಿರೋ ಕೆಲಸ ಬಟ್ಟಲು ತೊಳೆಯೋದು, ಗೋಣಿಚೀಲ ಒಗೆಯೋದು, ನಾಯಿಯನ್ನ ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗೋದು, ದತ್ತು ಕೇಳಿದವರ ಮನೆ ನೋಡಿ ಬರೋದು. ನನ್ನ ಪ್ರಕಾರ ವಾರಕ್ಕೆ ಒಂದೇ ದಿನ ಆದ್ರೂ ತಪ್ಪದೆ ಬರೋ ಒಬ್ಬ ಹುಡುಗ, ಹುಟ್ಟುಹಬ್ಬಕ್ಕೆ ಕೇಕ್ ತಂದು ಫೋಟೋ ತೆಗೆಸ್ಕೊಳ್ಳೋ ಹತ್ತು ಜನಕ್ಕೆ ಸಮ.

ಶೆಲ್ಟರ್ ಇರಲಿ, ಫಾಸ್ಟರ್ ಇರಲಿ, ಮೊದಲೇ ಡಾಕ್ಟರ ಹತ್ರ ಹೋಗಿ ರೇಬೀಸ್ ತಡೆ ಲಸಿಕೆ ಹಾಕಿಸ್ಕೊಳ್ಳಿ. ಕಚ್ಚಿದ್ರೆ, ಉಗುರು ತಾಗಿದ್ರೂ, ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಮರಿ ತಾನೇ ಅನ್ನಬೇಡಿ, ಮರಿಗೂ ರೇಬೀಸ್ ಬರುತ್ತೆ. ಅರಿಶಿನ, ಸುಣ್ಣ ಮೆತ್ತಬೇಡಿ.

ಮರಿ ತರೋ ಮುಂಚೆ ಶೆಲ್ಟರ್‌ನವರ ಹತ್ರ ಬರವಣಿಗೆಯಲ್ಲಿ ಕೇಳ್ಕೊಳ್ಳಿ: ಔಷಧಿ ಖರ್ಚು ಯಾರದು, ರಾತ್ರಿ ಎರಡು ಗಂಟೆಗೆ ವಾಂತಿ ಆದ್ರೆ ಯಾರಿಗೆ ಫೋನ್ ಮಾಡಬೇಕು, ದತ್ತು ಹೋಗದೇ ಇದ್ರೆ ಯಾವ ದಿನ ವಾಪಸ್ ತಗೊಳ್ತಾರೆ. ಕೊನೇ ಪ್ರಶ್ನೆ ಕೇಳೋಕೆ ಸಂಕೋಚ ಆಗುತ್ತೆ. ನಾನು ಕೇಳದೇ ಒಂದು ಸಲ ಮೂರು ವಾರ ಅಂತ ತಂದ ನಾಯಿ ಏಳು ತಿಂಗಳಿತ್ತು. ಮನೇಲಿ ನಿಮ್ಮದೇ ನಾಯಿ ಇದ್ರೆ ಅದರ ಲಸಿಕೆ ಮುಗಿದಿರಬೇಕು, ಬಂದ ಮರಿಯನ್ನ ಎರಡು ವಾರ ಅದರಿಂದ ದೂರ ಇಡಬೇಕು.

[ದೃಶ್ಯ: ನೋಟ್‌ಬುಕ್ಕಿನ ಪುಟ. ಅಕ್ಷರದ ಮೇಲೆ ಒಂದು ಪುಟ್ಟ ಪಂಜದ ಗುರುತು.]

ಒಂದು ನೋಟ್‌ಬುಕ್ ಇಡಿ. ಏನು ತಿಂತು ಅನ್ನೋದಷ್ಟೇ ಅಲ್ಲ, ಹೇಗಿತ್ತು ಅಂತ. ಈ ಮೂವರಲ್ಲಿ ಕಂದು ಬಣ್ಣದವಳ ಪುಟ ಇದು. "ಮಿಕ್ಸಿಗೆ ಸೋಫಾ ಕೆಳಗೆ ಓಡ್ತಾಳೆ." ಹತ್ತು ದಿನದ ನಂತರ, "ಮಿಕ್ಸಿಗೆ ಕಿವಿ ಮಾತ್ರ ಎತ್ತಿದಳು." ಯುಗಾದಿ ದಿನ, "ಅಜ್ಜಿ ಪಾಯಸ ಕೊಡೋಕೆ ಬಂದ್ರು, ತಡೆದೆ, ಅದರಲ್ಲಿ ಒಣದ್ರಾಕ್ಷಿ ಇತ್ತು." ನಾಯಿಗೆ ದ್ರಾಕ್ಷಿ ಕಿಡ್ನಿ ಕೆಡಿಸುತ್ತೆ. ಅಜ್ಜಿ ಎರಡು ದಿನ ನನ್ನ ಹತ್ರ ಮಾತಾಡಲಿಲ್ಲ.

ಯುಗಾದಿ ಆದ ಭಾನುವಾರ ಅವಳನ್ನ ವಿಜಯನಗರದ ಒಂದು ಕುಟುಂಬ ಕರ್ಕೊಂಡು ಹೋಯ್ತು. ನೋಟ್‌ಬುಕ್ ಕೊಡೋದು ಮರೆತೇ ಹೋಯ್ತು. ಒಂದು ವಾರಕ್ಕೆ ಆ ಮನೆಯವರ ಫೋನು. "ಅಲ್ಲ ರೀ, ಕುಕ್ಕರ್ ಮೂರು ಸಲ ಕೂಗಿದ್ರೆ ಇವಳು ಎದ್ದು ಹೋಗಿ ಬಚ್ಚಲ ಬಾಗಿಲ ಮುಂದೆ ಕೂತ್ಕೊಳ್ತಾಳಲ್ಲ, ಯಾಕೆ?"

ನಮ್ಮನೇಲಿ ಮೂರನೇ ವಿಷಲ್ ಆದ್ಮೇಲೆ ಅನ್ನ ಆರಿಸಿ, ಬಟ್ಟಲಿಗೆ ಹಾಕಿ, ಅಲ್ಲೇ ಇಡ್ತಿದ್ದದ್ದು.