ಕಾಲು ದೊಡ್ಡಮ್ಮನದು, ಸಹಿ ಮಗನದು

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ದೊಡ್ಡಮ್ಮನ ಮನೆ ಕಾಸರಗೋಡು ಜಿಲ್ಲೆಯ ಬಾಯಾರಿನ ಹತ್ತಿರ. ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡಿಯೇ 74 ವರ್ಷ ಕಳೆದವರು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಒಂದು ಆಟಿ ತಿಂಗಳಲ್ಲಿ ಬಲಗಾಲಿನ ಕಿರುಬೆರಳಿಗೆ ಗಾಯವಾಯಿತು. ಮಾಗಲಿಲ್ಲ, ಕಪ್ಪಾಯಿತು. ಕರ್ನಾಟಕದ ಗಡಿಯಾದ ತಲಪಾಡಿ ದಾಟಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಎರಡು ಬೆರಳು ತೆಗೆಯಬೇಕು ಎಂದರು ಡಾಕ್ಟರು. ದೊಡ್ಡಮ್ಮ ಅರ್ಧ ದಿನ ಯೋಚನೆ ಮಾಡಿ, ಆಯ್ತು ಅಂದರು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಅಂದರೆ ದೊಡ್ಡಮ್ಮನಿಗೆ ಎಚ್ಚರವಿತ್ತು, ಮಾತು ಇತ್ತು, ಬುದ್ಧಿ ನೆಟ್ಟಗಿತ್ತು. ಸ್ವಲ್ಪ ಹೊತ್ತಿನಲ್ಲಿ ಥಿಯೇಟರಿನ ಬಾಗಿಲು ತೆರೆದು ಸಿಸ್ಟರ್ ಒಬ್ಬರು ಹೊರಗೆ ಬಂದರು. "ಪೇಷಂಟಿನ ಮಗ ಯಾರು? ಒಳಗೆ ಕೀವು ಮೇಲಿನವರೆಗೆ ಹೋಗಿದೆ, ಪಾದ ತೆಗೆಯಬೇಕಾಗ್ತದೆ, ಇಲ್ಲೊಂದು ಸೈನ್ ಹಾಕಿ." ಅಣ್ಣ ಹಾಕಿದ. ಇಂಗ್ಲಿಷಿನ ಹಾಳೆ. ಅವನು ಓದಲಿಲ್ಲ, ಓದುವ ಸ್ಥಿತಿಯಲ್ಲಿ ಇರಲಿಲ್ಲ. ವಕೀಲಳಾದ ನಾನು ಅವನ ಪಕ್ಕದಲ್ಲೇ ನಿಂತಿದ್ದೆ, ಒಂದು ಮಾತು ಆಡಲಿಲ್ಲ.

ಮರುದಿನ ದೊಡ್ಡಮ್ಮ ನಮ್ಮ ಮನೆಮಾತಿನಲ್ಲಿ ಹೇಳಿದ್ದು ಇಷ್ಟೇ: "ಎನ್ನ ಕಾಲಲ್ಲದಾ? ಎನ್ನತ್ರೆ ಆರೂ ಕೇಳಿದ್ದವಿಲ್ಲೆ." ನನ್ನ ಕಾಲಲ್ಲವಾ, ನನ್ನ ಹತ್ತಿರ ಯಾರೂ ಕೇಳಲಿಲ್ಲ.

ಪಾದ ತೆಗೆದದ್ದು ವೈದ್ಯಕೀಯವಾಗಿ ಸರಿಯೇ ಇದ್ದಿರಬಹುದು. ಕೇಳಿದ್ದರೆ ದೊಡ್ಡಮ್ಮನೇ ಒಪ್ಪುತ್ತಿದ್ದರೋ ಏನೋ. ಆದರೆ ಎಚ್ಚರವಾಗಿ ಮೇಜಿನ ಮೇಲೆ ಮಲಗಿದ್ದವರನ್ನು ಬಿಟ್ಟು, ಬಾಗಿಲು ದಾಟಿ ಬಂದು ಮಗನನ್ನು ಕೇಳಿದರಲ್ಲ, ಅದರ ಬಗ್ಗೆ ಇವತ್ತು ಮಾತನಾಡಬೇಕೆಂದು ಬಂದಿದ್ದೇನೆ.

ಇಂಥದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ದೆಹಲಿಯ ಸಮೀರಾ ಕೊಹ್ಲಿ, 44 ವರ್ಷದ ಅವಿವಾಹಿತೆ. 1995ರಲ್ಲಿ ವಿಪರೀತ ಮುಟ್ಟಿನ ಸ್ರಾವವೆಂದು ವೈದ್ಯರಲ್ಲಿಗೆ ಹೋದರು. ಹೊಟ್ಟೆಯೊಳಗೆ ಏನಾಗಿದೆ ಎಂದು ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತಿನಿಂದ ಕೊಳವೆ ಹಾಕಿ, ನೋಡುವುದಕ್ಕೆಂದು ಪ್ರಜ್ಞೆ ತಪ್ಪಿಸಿದರು. ಅವರು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಹೊರಗೆ ಕಾದಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ಗ್ರಾಹಕ ಆಯೋಗದಲ್ಲಿ ಸೋತ ಆ ಹೆಣ್ಣುಮಗಳು ಬಿಡದೆ ಮುಂದೆ ಹೋದರು. 2008ರ ಜನವರಿ 16ರಂದು ತೀರ್ಪು ಬಂತು. ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ನೋಡುವುದಕ್ಕೆ ಕೊಟ್ಟ ಒಪ್ಪಿಗೆ ತೆಗೆಯುವುದಕ್ಕೆ ಕೊಟ್ಟ ಒಪ್ಪಿಗೆಯಲ್ಲ ಎಂದರು. ಪ್ರಾಣಕ್ಕೆ ಅಪಾಯವಿಲ್ಲದಾಗ ರೋಗಿಗೆ ಎಚ್ಚರವಾಗುವವರೆಗೆ ಕಾಯಬೇಕಿತ್ತು ಎಂದರು. ಪ್ರಾಯಕ್ಕೆ ಬಂದ, ತಿಳಿವಳಿಕೆಯಿರುವ ಮಗಳ ಪರವಾಗಿ ಒಪ್ಪಿಗೆ ಕೊಡಲು ಹೆತ್ತ ತಾಯಿಗೂ ಅಧಿಕಾರವಿಲ್ಲ ಎಂದರು. ಪರಿಹಾರ ಸಿಕ್ಕಿದ್ದು 25,000 ರೂಪಾಯಿ ಮಾತ್ರ, ಅದು ನನಗೆ ಈಗಲೂ ಕಡಿಮೆ ಎಂದೇ ಅನಿಸುತ್ತದೆ. ಆದರೆ ಆ ತೀರ್ಪಿನ ಮಾತುಗಳು ಇವತ್ತು ದೇಶದ ಪ್ರತಿಯೊಂದು ಆಪರೇಷನ್ ಥಿಯೇಟರಿಗೂ ಅನ್ವಯಿಸುತ್ತವೆ.

ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ನಿಲ್ಲುವವರಿಗೆ ಬೈಸ್ಟಾಂಡರ್ ಅನ್ನುತ್ತಾರೆ. ನಮ್ಮ ಕಾಸರಗೋಡಿನಲ್ಲಿ ಅಜ್ಜಿಯರ ಬಾಯಲ್ಲೂ ಆ ಮಾತು ಇದೆ. ಬೈಸ್ಟಾಂಡರ್ ಗಂಜಿ ತರಬಹುದು, ಬಿಲ್ಲು ಕಟ್ಟಬಹುದು, ರಾತ್ರಿಯಿಡೀ ಬೆಂಚಿನ ಮೇಲೆ ಕೂತು ಕಾಯಬಹುದು. ರೋಗಿಗೆ ತಿಳಿವಳಿಕೆ ಇರುವಾಗ ರೋಗಿಯ ದೇಹದ ಬಗ್ಗೆ ತೀರ್ಮಾನ ಮಾಡುವ ಹಕ್ಕು ಮಾತ್ರ ಅವರಿಗಿಲ್ಲ. ಗಂಡನಾದರೂ ಇಲ್ಲ, ಮಗನಾದರೂ ಇಲ್ಲ.

ಅಪಘಾತವಾಗಿ ಪ್ರಜ್ಞೆಯಿಲ್ಲದೆ ಬಂದವರ ವಿಷಯ ಬೇರೆ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ರೋಗಿ ಇಲ್ಲ, ಕಾಯುವುದಕ್ಕೆ ಸಮಯವೂ ಇಲ್ಲ ಎಂದಾದರೆ ಡಾಕ್ಟರು ಒಳ್ಳೆಯ ಉದ್ದೇಶದಿಂದ ಚಿಕಿತ್ಸೆ ಮಾಡಬಹುದು. ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಸಹಿ ಹಾಕಲು ಜನ ಇಲ್ಲ ಎಂದು ತುರ್ತು ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ.

ಇನ್ನು ಒಪ್ಪಿಗೆ ಅಂದರೆ ಏನು? ಯಾವ ಚಿಕಿತ್ಸೆ, ಯಾಕೆ, ಅದರಿಂದ ಆಗುವ ಉಪಯೋಗವೇನು, ದೊಡ್ಡ ಅಪಾಯ ಯಾವುದು, ಬೇರೆ ದಾರಿ ಉಂಟಾ, ಬೇಡವೆಂದರೆ ಏನಾದೀತು ಎಂಬುದನ್ನು ಡಾಕ್ಟರು ಹೇಳಬೇಕು, ರೋಗಿಗೆ ಅದು ತಲೆಗೆ ಹೋಗಬೇಕು. ಸಮೀರಾ ಕೊಹ್ಲಿ ತೀರ್ಪಿನಲ್ಲಿ ಇದಿಷ್ಟೂ ಇದೆ. ಹಾಳೆಯ ಕೊನೆಯ ಸಹಿ ಈ ಮಾತುಕತೆ ನಡೆದದ್ದಕ್ಕೆ ಒಂದು ಗುರುತು. ಮಾತುಕತೆಯೇ ನಡೆಯದಿದ್ದರೆ ಆ ಗುರುತಿಗೆ ಏನು ಬೆಲೆ?

ನಮ್ಮ ಊರಿನ ಕಷ್ಟ ಇರುವುದು ಇಲ್ಲೇ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಚಿಕಿತ್ಸೆಗೆ ಮಂಗಳೂರಿಗೂ ಹೋಗುತ್ತೇವೆ, ಕಾಸರಗೋಡಿಗೂ ಹೋಗುತ್ತೇವೆ. ಅಲ್ಲಿ ಫಾರಂ ಇಂಗ್ಲಿಷಿನಲ್ಲಿ, ಇಲ್ಲಿ ಮಲಯಾಳದಲ್ಲಿ. ಮನೆಯಲ್ಲಿ ಆಡುವುದು ತುಳು, ಕೊಂಕಣಿ, ಮರಾಟಿ, ಬ್ಯಾರಿ, ಹವ್ಯಕ. ಏಳು ಭಾಷೆಯ ಊರು ಎಂದು ಭಾಷಣಗಳಲ್ಲಿ ಹೇಳಿಕೊಳ್ಳುತ್ತೇವೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿದಾಗ ಆ ಏಳರಲ್ಲಿ ಒಂದಾದರೂ ಕಿವಿಗೆ ಬೀಳಬೇಡವೇ?

2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಒಂದು ಸರಕಾರಿ ಶಾಲೆಯಲ್ಲಿ, ರಾತ್ರಿ ಟಾರ್ಚ್ ಬೆಳಕಿನಲ್ಲಿ, 53 ಹೆಂಗಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ದೇವಿಕಾ ಬಿಸ್ವಾಸ್ ಎಂಬವರು ಕೋರ್ಟಿಗೆ ಹೋದರು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಆ ಶಸ್ತ್ರಚಿಕಿತ್ಸೆಯ ವಿವರವನ್ನು ಬಂದವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಹೇಳಿದ ಮೇಲೆ ಮನಸ್ಸು ಬದಲಿಸಲು ಸುಮಾರು ಒಂದು ಗಂಟೆಯಾದರೂ ಬಿಡಬೇಕು. ಆ ಒಂದು ಗಂಟೆಯ ಮಾತು ನನಗೆ ತುಂಬ ಹಿಡಿಸಿದೆ. ಹೂಂ ಅಂದ ಮೇಲೂ ಊಹೂಂ ಅನ್ನಲು ಎಡೆ ಇರಬೇಕು ಎಂದು ಕಾನೂನು ಒಪ್ಪಿಕೊಂಡ ಹಾಗಾಯಿತಲ್ಲ.

ಆದ್ದರಿಂದ ಕನ್ನಡದಲ್ಲಿ ಹೇಳಿ ಎಂದು ಕೇಳುವುದಕ್ಕೆ ಯಾರೂ ನಾಚಬೇಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ಫಾರಂ ಯಾವ ಭಾಷೆಯದ್ದೇ ಇರಲಿ, ಸಹಿಯ ಮೇಲೆ ನಿಮ್ಮ ಕೈಯಾರೆ ಕನ್ನಡದಲ್ಲಿ ಒಂದು ಸಾಲು ಬರೆಯಬಹುದು: "ಎರಡು ಬೆರಳು ತೆಗೆಯುವುದಕ್ಕೆ ಮಾತ್ರ ನನ್ನ ಒಪ್ಪಿಗೆ. ಹೆಚ್ಚಿನದ್ದಕ್ಕೆ ನನ್ನನ್ನೇ ಕೇಳಬೇಕು." ದೊಡ್ಡಮ್ಮನಿಂದ ಆ ಸಾಲು ಬರೆಸಿದ್ದರೆ ಸಿಸ್ಟರ್ ಬಾಗಿಲು ದಾಟಿ ಬರುತ್ತಿರಲಿಲ್ಲ. ದಾಖಲೆಗಳ ಪ್ರತಿ ಬೇಕೆಂದು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದು ವೈದ್ಯರ ವೃತ್ತಿ ನಿಯಮ. ಕೇಳಿ ತೆಗೆದಿಟ್ಟುಕೊಳ್ಳಿ.

ಪ್ರಾಯದವರ ವಿಷಯದಲ್ಲಿ ಬರುವ ಇನ್ನೊಂದು ಮಾತು, "ಅಜ್ಜಿಗೆ ಎಂತ ಗೊತ್ತಾಗ್ತದೆ?" 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಕಲಂ ಓದಿದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮಾನಸಿಕ ಕಾಯಿಲೆ ಇರುವವರಿಗೂ ನಿರ್ಧಾರ ಮಾಡುವ ಶಕ್ತಿ ಇದೆ ಎಂದೇ ಕಾನೂನು ಹೊರಡುತ್ತದೆ. ಹೇಳಿದ್ದು ಅರ್ಥವಾಗುತ್ತದೆಯೇ, ಅದರ ಪರಿಣಾಮ ತಿಳಿಯುತ್ತದೆಯೇ, ಮಾತಿನಲ್ಲೋ ಕೈಸನ್ನೆಯಲ್ಲೋ ತನ್ನ ಇಷ್ಟ ತಿಳಿಸಬಲ್ಲರೇ ಎಂದು ನೋಡುತ್ತದೆ. ಅವರ ನಿರ್ಧಾರ ನಮಗೆ ತಪ್ಪಾಗಿ ಕಂಡಿತು ಎಂಬ ಒಂದೇ ಕಾರಣಕ್ಕೆ ಅವರಿಗೆ ಬುದ್ಧಿಯಿಲ್ಲ ಎನ್ನುವಂತಿಲ್ಲ ಎಂದೂ ಅದೇ ಕಲಂ ಬಿಡಿಸಿ ಹೇಳಿದೆ. ಈ ಕಾಯ್ದೆ ಮಾನಸಿಕ ಚಿಕಿತ್ಸೆಗೆಂದು ಬಂದದ್ದು. ಆದರೆ ಮೊಣಕಾಲಿನ ಆಪರೇಷನ್ನಿಗೆ ಹೊರಟ ಅಜ್ಜಿಯನ್ನು ಅದಕ್ಕಿಂತ ಕಡಿಮೆ ಗೌರವದಿಂದ ನೋಡಲು ನನಗಂತೂ ಕಾರಣ ಕಾಣುವುದಿಲ್ಲ. ಕಿವಿ ಕೇಳದವರಿಗೆ ಹತ್ತಿರ ಕೂತು ಹೇಳಿ. ಸಕ್ಕರೆ ಇಳಿದು ಮಂಕಾಗಿರುವಾಗ ಕೇಳಬೇಡಿ, ಬೆಳಿಗ್ಗೆ ಕಾಫಿ ಕುಡಿದು ಗೆಲುವಾದ ಮೇಲೆ ಕೇಳಿ.

ನಿಜವಾಗಿ ನಿರ್ಧಾರ ಮಾಡಲು ಆಗದವರೂ ಇದ್ದಾರೆ. ಎಣ್ಮಕಜೆ, ಪಡ್ರೆಯ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲದ ಮಕ್ಕಳು ಈಗ ಮಕ್ಕಳಲ್ಲ. ಇಪ್ಪತ್ತೈದು, ಮೂವತ್ತು ದಾಟಿದ ಮಗನನ್ನು ಎತ್ತಿ ಸ್ನಾನ ಮಾಡಿಸುವ ತಾಯಂದಿರನ್ನು ನಾನು ಬಲ್ಲೆ. ಮಗುವಿಗೆ 18 ತುಂಬಿದ ದಿನವೇ ಹೆತ್ತವರ ಸಹಜ ಪೋಷಕತ್ವ, ಅಂದರೆ ಮಗುವಿನ ಪರವಾಗಿ ತೀರ್ಮಾನ ಮಾಡುವ ಹಕ್ಕು, ಮುಗಿಯುತ್ತದೆ ಎಂದರೆ ಅವರಿಗೆ ನಂಬಲಾಗುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ದಾರಿ ಇದೆ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪೋಷಕರೆಂದು ಪ್ರಮಾಣಪತ್ರ ಪಡೆಯಬೇಕು. ಕಾಯಿಲೆ ಬಂದು ಆಸ್ಪತ್ರೆಗೆ ಓಡುವ ದಿನದವರೆಗೆ ಕಾಯಬೇಡಿ, ಅಮ್ಮಂದಿರೇ. ಕೋಮಾದಲ್ಲಿರುವವರಿಗೆ ಪೋಷಕರನ್ನು ನೇಮಿಸುವ ಕ್ರಮವನ್ನು ಕೇರಳ ಹೈಕೋರ್ಟ್ 2019ರಲ್ಲಿ ಹೇಳಿಕೊಟ್ಟಿದೆ.

ಈಗ ಬೇಡ ಎನ್ನುವ ಮಾತಿಗೆ ಬರುತ್ತೇನೆ.

ಹೊನ್ನಾವರದ ಹತ್ತಿರದ ಹಳದಿಪುರದ ಹುಡುಗಿ ಅರುಣಾ ಶಾನಭಾಗ ಮುಂಬಯಿಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ನಡೆದ ಕ್ರೂರ ಹಲ್ಲೆಯ ನಂತರ 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅವರು ಮಂಚದ ಮೇಲೇ ಇದ್ದರು. ಜೊತೆಯ ನರ್ಸುಗಳು ಮೈಗೆ ಒಂದು ಹುಣ್ಣು ಏಳದಂತೆ ನೋಡಿಕೊಂಡರು. ಆಹಾರ ಕೊಡುವುದನ್ನು ನಿಲ್ಲಿಸಿ ಅವರನ್ನು ಸಾಯಲು ಬಿಡಿ ಎಂದು ಅವರ ಪರವಾಗಿ ಹೋದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿತು. ಆದರೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವ ಪ್ರಶ್ನೆಗೆ ಬಾಗಿಲು ತೆರೆದದ್ದು ಆ ತೀರ್ಪೇ. ಅರುಣಾಗೆ ಏನು ಬೇಕಿತ್ತು ಎಂದು ಕೇಳುವುದಕ್ಕೆ ಮಾತ್ರ ದಾರಿ ಇರಲಿಲ್ಲ.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ದಾರಿಯನ್ನು ಮಾಡಿಕೊಟ್ಟಿತು. ಪ್ರಾಯಕ್ಕೆ ಬಂದ, ತಿಳಿವಳಿಕೆಯುಳ್ಳವರು ಚಿಕಿತ್ಸೆ ಬೇಡ ಎನ್ನಬಹುದು, ಅದರಿಂದ ಜೀವ ಹೋಗುವುದಾದರೂ ಸರಿ. ಮುಂದೆ ಮಾತು ನಿಂತಾಗ ವೆಂಟಿಲೇಟರ್ ಬೇಕೇ ಬೇಡವೇ ಎಂದು ಮೊದಲೇ ಬರೆದಿಡಬಹುದು. ಆ ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಈಗ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ನಿಮ್ಮ ಪರವಾಗಿ ಮಾತನಾಡುವವರ ಹೆಸರನ್ನೂ ಬರೆಯಬೇಕು. ಮನಸ್ಸು ಬದಲಾದರೆ ಪತ್ರವನ್ನೂ ಬದಲಾಯಿಸಬಹುದು. ಜಾರಿಗೆ ತರುವ ಮೊದಲು ಡಾಕ್ಟರುಗಳ ಎರಡು ಮಂಡಳಿ ನೋಡುತ್ತವೆ. ಸುಪ್ರೀಂ ಕೋರ್ಟಿನ ಮಾತಾದ್ದರಿಂದ ಕಾಸರಗೋಡಿನಲ್ಲಿ ಬರೆದದ್ದು ತಲಪಾಡಿಯ ಆಚೆಗೂ ನಡೆಯುತ್ತದೆ.

ಚಿಕಿತ್ಸೆ ಬೇಡ ಎಂದವರನ್ನು ನರಳಲು ಬಿಡಬೇಕು ಎಂದು ಇದರ ಅರ್ಥವಲ್ಲ. ಈ ವಿಷಯದಲ್ಲಿ ನಾವು ಕೇರಳದಲ್ಲಿರುವುದು ಭಾಗ್ಯ. 2008ರಿಂದಲೇ ಇಲ್ಲಿ ಸರಕಾರದ ಪಾಲಿಯೇಟಿವ್ ನೀತಿ, ಅಂದರೆ ನೋವು ತಗ್ಗಿಸಿ ಆರೈಕೆ ಮಾಡುವ ನೀತಿ ಇದೆ, ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಮನೆಗೇ ಬರುತ್ತಾರೆ.

ದೊಡ್ಡಮ್ಮನ ಮನೆಗೂ ಬಂದರು. ಕಾಲು ಹೋದ ಮೂರನೇ ವರ್ಷ ಕಿಡ್ನಿ ಸೋತಿತ್ತು. ಈ ಸಲ ಬೇರೆ ಆಸ್ಪತ್ರೆ, ಬೇರೆ ಡಾಕ್ಟರು. ಅಣ್ಣ ಮಾತು ತೆಗೆದಾಗ ಅವನನ್ನು ತಡೆದು, ಸ್ಟೂಲು ಎಳೆದುಕೊಂಡು ದೊಡ್ಡಮ್ಮನ ಮಗ್ಗುಲಲ್ಲಿ ಕೂತರು. ಡಯಾಲಿಸಿಸ್ ಅಂದರೆ ಏನು, ಮಾಡಿದರೆ ಏನು, ಮಾಡದಿದ್ದರೆ ಎಷ್ಟು ಬೇಗ ಏನು, ಎಲ್ಲವನ್ನೂ ಕನ್ನಡದಲ್ಲಿ ಹೇಳಿದರು. "ವಾರಕ್ಕೆ ಎಷ್ಟು ಸರ್ತಿ ಹೋಯೆಕ್ಕು?" ಎಂದು ದೊಡ್ಡಮ್ಮ ಕೇಳಿದರು. ಎರಡೋ ಮೂರೋ ಸಲ, ಎಂದರು ಡಾಕ್ಟರು. "ನಾಳೆ ಹೇಳ್ತೇನೆ" ಅಂದರು ದೊಡ್ಡಮ್ಮ.

ಮರುದಿನ ಹಾಳೆ ಬಂತು. ಇಂಗ್ಲಿಷಿನದ್ದೇ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಅದರ ಕೆಳಗೆ ಗುಂಡಗಿನ ಅಕ್ಷರದಲ್ಲಿ "ಬೇಡ" ಎಂದು ಬರೆದರು. ಅದರ ಕೆಳಗೆ ತಮ್ಮ ಹೆಸರು ಬರೆದರು. ಅಣ್ಣ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದ.

ನಮಸ್ಕಾರ.