ದೀಪವನ್ನು ಮಲಗಿ ನೋಡಿ

ಪರದೆಯ ಮೇಲಿನ ದೃಶ್ಯ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಕ್ಯಾಮೆರಾ ದಿಂಬಿನ ಮೇಲಿದೆ. ಎದುರಿಗೆ ಚಾವಣಿ, ಪಕ್ಕದಲ್ಲಿ ಬೀರುವಿನ ನೆತ್ತಿ, ಅದರ ಮೇಲೆ ಧೂಳು. ಧೂಳಿನ ವಿಚಾರ ಇನ್ನೊಂದು ವಿಡಿಯೊಗೆ ಇರಲಿ. ಮಲಗುವ ಕೋಣೆಗೆ ಫ್ಲೋರ್ ಲ್ಯಾಂಪ್, ಅಂದರೆ ನೆಲದ ಮೇಲೆ ನಿಲ್ಲುವ ಕಂಬದ ದೀಪ, ಕೊಳ್ಳಬೇಕೆಂದು ಹೊರಟವರಿಗೆ ನಾನು ಮೊದಲು ತೋರಿಸಬೇಕೆಂದುಕೊಂಡದ್ದು ಅಂಗಡಿಯನ್ನಲ್ಲ, ಈ ನೋಟವನ್ನು. ಅಂಗಡಿಯಲ್ಲಿ ದೀಪವನ್ನು ನಾವು ನಿಂತು ನೋಡುತ್ತೇವೆ. ಮನೆಗೆ ಬಂದ ಮೇಲೆ ಅದೇ ದೀಪವನ್ನು ದಿನವೂ ನೋಡುವುದು ಮಲಗಿಕೊಂಡು. ನಿಂತವರ ಕಣ್ಣಿಗೆ ಚೆಂದವಾಗಿ ಕಂಡ ಶೇಡು, ಮಲಗಿದವರ ಕಣ್ಣಿಗೆ ಒಳಗಿನ ಬಲ್ಬನ್ನೇ ಹಿಡಿದು ತೋರಿಸುತ್ತದೆ. ಬಣ್ಣ, ಆಕಾರ, ಮರವೋ ಲೋಹವೋ ಎಂಬ ಪ್ರಶ್ನೆಗಳೆಲ್ಲ ಇದರ ಮುಂದೆ ಚಿಲ್ಲರೆ.

ಟೇಬಲ್ ಲ್ಯಾಂಪ್ ಸಾಲದೇ ಎಂದರೆ, ಮಂಚದ ಪಕ್ಕ ಮೇಜು ಇರುವವರಿಗೆ ಧಾರಾಳವಾಗಿ ಸಾಕು. ನಮ್ಮ ಮಂಚಕ್ಕೂ ಗೋಡೆಗೂ ನಡುವೆ ಇರುವುದು ಒಬ್ಬರು ಮೈ ಓರೆ ಮಾಡಿಕೊಂಡು ಹೋಗುವಷ್ಟು ಜಾಗ. ಅಲ್ಲಿ ಮೇಜು ಇಟ್ಟರೆ ಮಂಚದಿಂದ ಇಳಿಯುವುದಕ್ಕೇ ದಾರಿ ಇರುವುದಿಲ್ಲ. ಗೋಡೆದೀಪ ಹಾಕಿಸೋಣವೆಂದರೆ ಗೋಡೆ ಕೊರೆಯಬೇಕು, ವೈರ್ ಎಳೆಸಬೇಕು. ನಾಳೆ ಮಂಚವನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಿದರೆ ದೀಪ ಮಾತ್ರ ಹಳೆಯ ಜಾಗದಲ್ಲಿ ಉಳಿದುಬಿಡುತ್ತದೆ.

ಕೊರೆಯುವ ಈ ತಾಪತ್ರಯ ಹೊಸದೇನೂ ಅಲ್ಲ. 1962ರಲ್ಲಿ ಇಟಲಿಯ ಅಕಿಲ್ಲೆ ಮತ್ತು ಪಿಯೆರ್ ಜಾಕೊಮೊ ಕಾಸ್ತಿಲ್ಯೋನಿ ಸಹೋದರರು ಫ್ಲೋಸ್ ಕಂಪನಿಗೆ ‘ಆರ್ಕೊ’ ಎಂಬ ದೀಪವನ್ನು ರೂಪಿಸಿದರು. ಚಾವಣಿಗೆ ಕೈ ಹಚ್ಚದೆ ಮೇಜಿನ ಮೇಲೆ ತೂಗುವ ಬೆಳಕು ಬೇಕಾಗಿತ್ತು ಅವರಿಗೆ. ಕಮಾನಿನಾಕಾರದ ಉದ್ದನೆಯ ಉಕ್ಕಿನ ತೋಳು, ಅದು ಮಗುಚದಂತೆ ಬುಡದಲ್ಲಿ ಸುಮಾರು 65 ಕಿಲೊ ತೂಕದ ಅಮೃತಶಿಲೆಯ ದಿಮ್ಮಿ. ಆ ಕಲ್ಲಿನಲ್ಲಿ ಒಂದು ತೂತು ಇದೆ. ಅದು ಅಲಂಕಾರಕ್ಕಲ್ಲ, ಪೊರಕೆಯ ಕೋಲು ತೂರಿಸಿ ಇಬ್ಬರು ಎತ್ತಿ ಸರಿಸಲಿ ಎಂದು. ಇಂದು ಎಲ್ಲೆಡೆ ಸಿಗುವ ಕಮಾನು ದೀಪಗಳೆಲ್ಲ ಅದರ ಮರಿಮಕ್ಕಳು. ಹಜಾರದಲ್ಲಿ ಅವು ಸೊಗಸು. ಮಂಚದ ಮೇಲಕ್ಕೆ ಬಾಗಿಸಿ ಇಟ್ಟರೆ ಮಾತ್ರ ಮಲಗಿದವರ ಮುಖಕ್ಕೆ ನೇರ ಬಲ್ಬು. ನನಗೆ ಅದು ಬೇಡವೇ ಬೇಡ.

ಈಗ ಟೇಪ್ ತೆಗೆದುಕೊಳ್ಳೋಣ. ನಮ್ಮ ಹಾಸಿಗೆಯ ಮೇಲ್ಮೈ ನೆಲದಿಂದ 52 ಸೆಂಟಿಮೀಟರ್ ಎತ್ತರದಲ್ಲಿದೆ. ದಿಂಬಿಗೆ ಒರಗಿ ಕುಳಿತರೆ ನನ್ನ ಕಣ್ಣು ಸುಮಾರು 115ರಲ್ಲಿ, ಮಲಗಿದರೆ 70ರಲ್ಲಿ. ಮಾಮೂಲಿ ಫ್ಲೋರ್ ಲ್ಯಾಂಪ್‌ಗಳ ಒಟ್ಟು ಎತ್ತರ 150ರಿಂದ 165 ಸೆಂಟಿಮೀಟರ್. ಶೇಡಿನ ಆಳ 25ರಿಂದ 30 ಎಂದುಕೊಂಡರೆ ಅದರ ಕೆಳ ಅಂಚು 120ರಿಂದ 140ರ ನಡುವೆ ಎಲ್ಲೋ ಬರುತ್ತದೆ. ಕುಳಿತವರಿಗೆ ಇದು ಅಂಚಿನ ಲೆಕ್ಕ: ಕೆಳ ಅಂಚು ಕಣ್ಣಿನ ಮಟ್ಟದಲ್ಲೋ ತುಸು ಕೆಳಗೋ ಇದ್ದರೆ ಬಲ್ಬ್ ಮರೆಯಾಗುತ್ತದೆ, ಬೆಳಕು ಮಾತ್ರ ಪುಸ್ತಕದ ಮೇಲೆ ಬೀಳುತ್ತದೆ. ಮಲಗಿದವರಿಗೆ ಲೆಕ್ಕವೇ ಬೇರೆ. 70ರಲ್ಲಿರುವ ಕಣ್ಣಿನಿಂದ 130ರಲ್ಲಿರುವ ಶೇಡಿನ ಬಾಯಿಯನ್ನು ನೋಡುವುದೆಂದರೆ ಗಂಟೆಯ ಕೆಳಗೆ ನಿಂತು ನಾಲಗೆಯನ್ನು ನೋಡಿದಂತೆ. ಎಲ್ಲವೂ ಕಾಣುತ್ತದೆ.

ಇದನ್ನು ಕೊಳ್ಳುವ ಮೊದಲೇ ಪರೀಕ್ಷಿಸಬಹುದು, ದೀಪವೇ ಬೇಕಿಲ್ಲ. ನಮ್ಮವರು ಮಂಚದ ಪಕ್ಕ ನಿಂತು ಮೊಬೈಲ್ ಟಾರ್ಚನ್ನು ಬಲ್ಬ್ ಇರುವ ಎತ್ತರಕ್ಕೆ ಹಿಡಿದಿದ್ದಾರೆ ನೋಡಿ. “ಇನ್ನು ಎಷ್ಟು ಹೊತ್ತು ಹೀಗೆ ನಿಲ್ಲಬೇಕು?” ಎನ್ನುತ್ತಿರುವುದು ಅವರೇ. ಟಾರ್ಚ್ ನನ್ನ ಸೊಂಟದ ನೇರಕ್ಕೆ ಇದ್ದಾಗ ಕಣ್ಣು ಕುಕ್ಕುತ್ತದೆ. ಭುಜದ ನೇರಕ್ಕೆ ಬಂದಾಗಲೂ ಕಣ್ಣಿನ ಮೂಲೆಯಲ್ಲಿ ಚುಚ್ಚುತ್ತದೆ. ತಲೆಯ ಹಿಂದಕ್ಕೆ, ತಲೆದಿಂಬಿನ ಹಿಂದಿನ ಮೂಲೆಗೆ ಸರಿದಾಗ ಬೆಳಕು ಭುಜದ ಮೇಲಿಂದ ಹಾದು ಪುಟದ ಮೇಲೆ ಬೀಳುತ್ತದೆ, ಟಾರ್ಚ್ ಮಾತ್ರ ಕಾಣುವುದಿಲ್ಲ. ದೀಪದ ಜಾಗ ಅದೇ. ಜಾಗ ಗೊತ್ತಾದ ಮೇಲೆ ಬುಡ ಎಷ್ಟು ಅಗಲವಿರಬಹುದು, ವೈರ್ ಎಷ್ಟು ಉದ್ದ ಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ. ನಮ್ಮ ಮೂಲೆಯಲ್ಲಿ ಸಿಗುವುದು 28 ಸೆಂಟಿಮೀಟರ್ ಅಗಲದ ಬುಡಕ್ಕೆ ಜಾಗ. ಮೂರು ಕಾಲುಗಳ ಮರದ ದೀಪಗಳ ಮೇಲೆ ನನಗೆ ಬಹಳ ದಿನದಿಂದ ಆಸೆಯಿತ್ತು. ಟೇಪ್ ಹಿಡಿದ ಕ್ಷಣವೇ ಆ ಆಸೆ ಬಿಟ್ಟುಹೋಯಿತು. ಕಾಲುಗಳು ಅಷ್ಟು ಅಗಲಕ್ಕೆ ಚಾಚಿಕೊಂಡಿರುತ್ತವೆ, ರಾತ್ರಿ ಎದ್ದವರ ಕಿರುಬೆರಳಿಗೆ ಅವುಗಳಷ್ಟು ಕೆಟ್ಟ ಶತ್ರು ಇನ್ನೊಂದಿಲ್ಲ.

ಇನ್ನು ಈ ಬೆಳಕು ಯಾರಿಗೆ ಎಂಬುದು. ನಾನು ಓದುವವಳು. ನಮ್ಮವರು ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆಗೆ ಜಾರುವವರು. ಬಟ್ಟೆಯ ಶೇಡಿನ ದೀಪ ಸುತ್ತಲೂ ಹರಡುವ ಬೆಳಕು ಕೊಡುತ್ತದೆ; ಕೋಣೆಗೆ ಹಿತ, ಪಕ್ಕದಲ್ಲಿ ಮಲಗಿದವರಿಗೆ ಕಷ್ಟ. ಒಬ್ಬರೇ ಇರುವ ಕೋಣೆಯಾದರೆ, ಅಥವಾ ಇಬ್ಬರೂ ಒಂದೇ ಹೊತ್ತಿಗೆ ಮಲಗುವವರಾದರೆ ಕಣ್ಣು ಮುಚ್ಚಿಕೊಂಡು ಅದನ್ನೇ ಕೊಳ್ಳಿ. ನಮ್ಮಂಥವರಿಗೆ ಬೇಕಾದದ್ದು ಬದಿಗಳಿಂದ ಬೆಳಕು ಸೋರದ ಲೋಹದ ಶೇಡು, ಬೇಕಾದ ಕಡೆ ತಿರುಗುವ ಕತ್ತು.

ತಿರುಗುವ ತೋಳಿಗೂ ಒಂದು ಕಥೆಯಿದೆ. 1930ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜಾರ್ಜ್ ಕಾರ್ವರ್ಡೈನ್ ಎಂಬ ಎಂಜಿನಿಯರ್ ಸ್ಪ್ರಿಂಗ್‌ಗಳ ಎಳೆತದಿಂದ ತೂಕವನ್ನು ಸರಿದೂಗಿಸಿ, ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ತೋಳನ್ನು ಕಂಡುಹಿಡಿದ. ಆತನ ಕಸುಬು ಮೋಟಾರು ವಾಹನಗಳ ಸಸ್ಪೆನ್ಷನ್. ಆ್ಯಂಗಲ್‌ಪಾಯ್ಸ್ ದೀಪ ಹುಟ್ಟಿದ್ದು ಅಲ್ಲಿಂದ. ಇಂದು ಸಿಗುವ ಅನೇಕ ದೀಪಗಳಲ್ಲಿ ಸ್ಪ್ರಿಂಗ್ ಇರುವುದಿಲ್ಲ, ಸ್ಕ್ರೂ ಬಿಗಿದು ಘರ್ಷಣೆಯಿಂದಲೇ ನಿಲ್ಲಿಸಿರುತ್ತಾರೆ. ಹೊಸತರಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಅಂಗಡಿಯಲ್ಲಿ ತೋಳನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿ, ಕೈ ಬಿಟ್ಟು, ಅಂಗಡಿಯವರೊಂದಿಗೆ ಸ್ವಲ್ಪ ಹೊತ್ತು ಮಾತನಾಡಿ. ಮಾತು ಮುಗಿಯುವಷ್ಟರಲ್ಲಿ ತಲೆ ತಗ್ಗಿಸಿದ ದೀಪ ಬೇಡ. ಹಾಗೆಯೇ ಕಂಬದ ನಡುಭಾಗಕ್ಕೆ ಒಂದು ಬೆರಳಿನಿಂದ ತಳ್ಳಿ ನೋಡಿ. ಓಲಾಡಿ ನಿಂತರೆ ಸರಿ, ಬುಡವೇ ಎದ್ದರೆ ತೂಕ ಸಾಲದು.

ತೋಳು ತಿರುಗುವ ದೀಪದ ದೊಡ್ಡ ಲಾಭ ಬೇರೆಯೇ ಇದೆ. ಬಲ್ಬಿನಿಂದ ಪುಟಕ್ಕಿರುವ ದೂರವನ್ನು ಅರ್ಧಕ್ಕೆ ಇಳಿಸಿದರೆ ಪುಟದ ಮೇಲಿನ ಬೆಳಕು ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟಾಗುತ್ತದೆ. ಶೇಡಿನ ಒಳಗಿನ ಪ್ರತಿಫಲನದಿಂದ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು, ಆದರೆ ದಿಕ್ಕು ಅದೇ. ಆದ್ದರಿಂದ ಹತ್ತಿರಕ್ಕೆ ಬರುವ ದೀಪಕ್ಕೆ ಸಣ್ಣ ಬಲ್ಬ್ ಸಾಕು. ಹಳೆಯ 60 ವ್ಯಾಟ್‌ನ ತಂತಿ ಬಲ್ಬ್ ಕೊಡುತ್ತಿದ್ದದ್ದು ಸುಮಾರು 800 ಲ್ಯೂಮೆನ್ (ಬಲ್ಬ್ ಹೊರಚೆಲ್ಲುವ ಒಟ್ಟು ಬೆಳಕಿನ ಅಳತೆ), 40 ವ್ಯಾಟ್‌ನದು ಸುಮಾರು 450. ಎಲ್‌ಇಡಿಯಲ್ಲಿ ವ್ಯಾಟ್ ನೋಡಿ ಹೊಳಪು ಅಂದಾಜು ಮಾಡುವುದು ವ್ಯರ್ಥ. ಡಬ್ಬಿಯ ಮೇಲೆ ಲ್ಯೂಮೆನ್ ಹುಡುಕಿ. ಮನೆಯಲ್ಲಿ ಹಿರಿಯರು ಓದುವುದಾದರೆ ಮಾತ್ರ ಜಿಪುಣತನ ಬೇಡ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ. ನಮಗೆ ಸಾಕೆನಿಸುವ ಬೆಳಕು ಅವರಿಗೆ ಮಬ್ಬು.

ಬಲ್ಬಿನ ಬಣ್ಣದ ವಿಷಯಕ್ಕೆ ಬಂದರೆ ಸ್ವಲ್ಪ ವಿವರ ಹೇಳಲೇಬೇಕು, ಏಕೆಂದರೆ ಇಲ್ಲಿ ಅರ್ಧ ಸತ್ಯಗಳೇ ಹೆಚ್ಚು ಓಡಾಡುತ್ತಿವೆ. ಬಿಳಿ ಎಲ್‌ಇಡಿಗಳಲ್ಲಿ ಹೆಚ್ಚಿನವುಗಳ ಹೃದಯದಲ್ಲಿ ಇರುವುದು ನೀಲಿ ಚಿಪ್. ಅದರ ಮೇಲೆ ಲೇಪಿಸಿದ ಹಳದಿ ಫಾಸ್ಫರ್ ನೀಲಿಯ ಒಂದು ಪಾಲನ್ನು ಹಳದಿ, ಕೆಂಪಿಗೆ ಬದಲಿಸುತ್ತದೆ. ಎಲ್ಲ ಬೆರೆತು ಬಿಳಿ. ಆ ನೀಲಿ ಎಲ್‌ಇಡಿಗಾಗಿಯೇ 2014ರ ಭೌತವಿಜ್ಞಾನದ ನೊಬೆಲ್ ಅಕಾಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ ಸಂದಿತು. ನಮ್ಮ ಅಕ್ಷಿಪಟಲದಲ್ಲಿ, ದೃಶ್ಯ ಕಾಣುವುದಕ್ಕಿಂತ ಹೆಚ್ಚಾಗಿ ಹಗಲೋ ರಾತ್ರಿಯೋ ಎಂದು ಮಿದುಳಿಗೆ ವರದಿ ಮಾಡುವ ಕೆಲವು ಕೋಶಗಳಿವೆ. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವರ್ಣಕ ಸುಮಾರು 480 ನ್ಯಾನೊಮೀಟರ್‌ನ ನೀಲಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ರಾತ್ರಿ ಆ ಬೆಳಕು ಹೆಚ್ಚು ಸಿಕ್ಕರೆ ಮಿದುಳು ಇನ್ನೂ ಹಗಲೆಂದುಕೊಳ್ಳುತ್ತದೆ. 6500 ಕೆಲ್ವಿನ್‌ನ ಹಾಲುಬಿಳಿ ಬಲ್ಬಿನಲ್ಲಿ ಇದಕ್ಕೆ ಮೇವು ಹೆಚ್ಚು (ಕೆಲ್ವಿನ್ ಎಂದರೆ ಇಲ್ಲಿ ಬೆಳಕಿನ ಬಣ್ಣದ ಅಳತೆ). ಅಷ್ಟೇ ಹೊಳಪಿನ 2700 ಕೆಲ್ವಿನ್‌ನ ಹೊಂಬಣ್ಣದ ಬಲ್ಬಿನಲ್ಲಿ ಸರಿಸುಮಾರು ಅರ್ಧ.

ಅರ್ಧ, ಸೊನ್ನೆಯಲ್ಲ. ಎಲ್ಲರೂ ಎಡವುವುದು ಇಲ್ಲೇ. ಹೊಂಬಣ್ಣದ ಬಲ್ಬ್ ಹಾಕಿದ್ದೇನೆ, ಇನ್ನು ಎಷ್ಟು ಹೊಳೆದರೂ ಚಿಂತೆಯಿಲ್ಲ ಎನ್ನುವಂತಿಲ್ಲ. 2022ರಲ್ಲಿ ಈ ಕ್ಷೇತ್ರದ ವಿಜ್ಞಾನಿಗಳ ಒಂದು ತಂಡ ಮಾಡಿದ ಶಿಫಾರಸಿನಲ್ಲಿ, ಮಲಗುವ ಮೊದಲಿನ ಮೂರು ಗಂಟೆ ಕಣ್ಣಿಗೆ ತಲಪುವ ಬೆಳಕು, ಮೆಲನಾಪ್ಸಿನ್ ಲೆಕ್ಕದಲ್ಲಿ ಅಳೆದಾಗ, 10 ಲಕ್ಸ್ ಮೀರದಿರಲಿ ಎಂದಿದೆ. ಲಕ್ಸ್ ಎಂದರೆ ಒಂದು ಜಾಗಕ್ಕೆ ತಲಪುವ ಬೆಳಕಿನ ಅಳತೆ. ಹಗಲಿಗೆ ಕನಿಷ್ಠ 250 ಇರಲಿ ಎಂದೂ ಅದೇ ಶಿಫಾರಸು ಹೇಳುತ್ತದೆ. ಗಮನಿಸಿ: ಕಣ್ಣಿಗೆ ತಲಪುವ ಬೆಳಕು, ಪುಟದ ಮೇಲೆ ಬೀಳುವುದಲ್ಲ. ಪುಟ ಬೆಳಗಬೇಕು, ಕಣ್ಣಿಗೆ ನೇರ ಬೆಳಕು ಬರಬಾರದು. ದಿಂಬಿನ ಮೇಲೆ ಕ್ಯಾಮೆರಾ ಇಟ್ಟು, ಟಾರ್ಚ್ ಹಿಡಿಸಿ ಇಷ್ಟೆಲ್ಲ ರಾಮಾಯಣ ಮಾಡಿದ್ದು ಇದಕ್ಕೇ. ಬಲ್ಬಿನ ಬಣ್ಣ ಅದಕ್ಕೆ ನೆರವು ಅಷ್ಟೇ.

ಬಣ್ಣಗಳನ್ನು ನಿಜವಾಗಿ ತೋರಿಸುವ ಗುಣಕ್ಕೆ ಸಿಆರ್‌ಐ ಎಂಬ ಅಂಕಿಯಿದೆ. 90ರ ಮೇಲಿದ್ದರೆ ಒಳ್ಳೆಯದು, ಬೀರುವಿನಿಂದ ಕಪ್ಪೋ ಕಡುನೀಲಿಯೋ ತಿಳಿಯದ ಕಾಲುಚೀಲ ಹುಡುಕುವವರಿಗಂತೂ ಬೇಕೇ ಬೇಕು.

ಮಿನುಗುವಿಕೆಯನ್ನು ಅಂಗಡಿಯಲ್ಲೇ ಹಿಡಿಯಬಹುದು. ವಿದ್ಯುತ್ 50 ಹರ್ಟ್ಸ್ ಇರುವ ಕಡೆ ಕಳಪೆ ಎಲ್‌ಇಡಿ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ, 60 ಇರುವ ಕಡೆ 120 ಬಾರಿ. ಕಣ್ಣಿಗೆ ನೇರವಾಗಿ ಕಾಣದಿದ್ದರೂ ಕೆಲವರಿಗೆ ಕಣ್ಣು ದಣಿಯುತ್ತದೆ, ತಲೆ ನೋಯುತ್ತದೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ದೀಪವನ್ನು ಚಿತ್ರಿಸಿ ನೋಡಿ. ಈ ಎಡಗಡೆಯದು ನಿಶ್ಚಲವಾಗಿದೆ. ಬಲಗಡೆಯದರಲ್ಲಿ ಗೋಡೆಯ ಮೇಲೆಲ್ಲ ಕಪ್ಪು ಪಟ್ಟೆಗಳು ಓಡುತ್ತಿವೆ. ಡಿಮ್ಮರ್ ಇರುವ ದೀಪವಾದರೆ ಬೆಳಕನ್ನು ತೀರಾ ತಗ್ಗಿಸಿ ಇನ್ನೊಮ್ಮೆ ಚಿತ್ರಿಸಿ, ಪಟ್ಟೆಗಳು ಹುಟ್ಟುವುದು ಹೆಚ್ಚಾಗಿ ಆಗಲೇ. ಡಿಮ್ಮರ್‌ಗೆ ಹೊಂದುವ ಬಲ್ಬ್ ಬೇರೆ, ಮಾಮೂಲಿ ಬಲ್ಬ್ ಬೇರೆ ಎಂಬುದೂ ನೆನಪಿರಲಿ.

ಬಲ್ಬ್ ಬದಲಿಸಲು ಬಾರದ, ಎಲ್‌ಇಡಿ ಒಳಗೇ ಕೂಡಿಸಿದ ತೆಳ್ಳನೆಯ ದೀಪಗಳು ನೋಡಲು ಚೆಂದ. ಆದರೆ ಎಲ್‌ಇಡಿ ಕೆಟ್ಟರೆ ಇಡೀ ಕಂಬವೇ ಕಸ. ನಾನು ಹೋಲ್ಡರ್ ಇರುವ ದೀಪದ ಪಕ್ಷ. ಹೋಲ್ಡರ್ ಮೇಲೆ ಬರೆದಿರುವ ಗರಿಷ್ಠ ವ್ಯಾಟ್ ಓದಿ. ಕಿಟಕಿಯ ಪರದೆಗೆ ತಾಗುವಂತೆ ದೀಪ ಇಡಬೇಡಿ. ವೈರನ್ನು ಕಾರ್ಪೆಟ್ ಕೆಳಗೆ ಹಾಯಿಸಬೇಡಿ.

ಸ್ವಿಚ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಓದುತ್ತಾ ನಿದ್ದೆ ಎಳೆಯುವಾಗ ಎದ್ದು, ಮಂಚ ಇಳಿದು, ಬಗ್ಗಿ, ಕತ್ತಲಲ್ಲಿ ಕಾಲಿನಿಂದ ಸ್ವಿಚ್ ತಡಕಾಡಬೇಕಾದ ದೀಪವನ್ನು ಮಲಗುವ ಕೋಣೆಗೆಂದು ಯಾಕಾದರೂ ಮಾರುತ್ತಾರೋ! ಕಾಲಿನಿಂದ ಒತ್ತುವ ಸ್ವಿಚ್ ಸೋಫಾ ಪಕ್ಕಕ್ಕೆ ಲಾಯಕ್ಕು. ಇಲ್ಲಿ ಸ್ವಿಚ್ ಶೇಡಿನ ಹತ್ತಿರ ಇರಬೇಕು, ಇಲ್ಲವೇ ವೈರ್‌ನಲ್ಲಿ ಕೈಗೆ ಸಿಗುವ ಎತ್ತರದಲ್ಲಿ ಇರಬೇಕು. ಮೊಬೈಲ್‌ನಿಂದ ಆರಿಸುವ ಸ್ಮಾರ್ಟ್ ಬಲ್ಬ್ ಇದೆಯಲ್ಲ ಎನ್ನುವವರಿಗೆ ಒಂದೇ ಮಾತು: ದೀಪ ಆರಿಸಲೆಂದು ಮೊಬೈಲ್ ಕೈಗೆತ್ತಿಕೊಂಡವರು ಅಲ್ಲಿಗೇ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ.

ನಮ್ಮ ಮೂಲೆಗೆ ಬಂದದ್ದು ಇದು. ಕಪ್ಪು ಲೋಹದ ಕಂಬ, ತಟ್ಟೆಯಷ್ಟು ಅಗಲದ ಭಾರದ ಬುಡ, ಸ್ಪ್ರಿಂಗ್ ತೋಳು, ಒಳಗೆ ಬಿಳಿ ಬಣ್ಣ ಬಳಿದ ಆಳವಾದ ಶೇಡು, ಶೇಡಿನ ನೆತ್ತಿಯ ಮೇಲೇ ಸ್ವಿಚ್. ಬೆಳಕು ಪುಸ್ತಕ ದಾಟಿ ನಮ್ಮವರ ಹೊದಿಕೆಯ ಅಂಚಿನವರೆಗೆ ಬರುತ್ತದೆ, ಮುಖದವರೆಗೆ ಬರುವುದಿಲ್ಲ. ಕೋಣೆಯನ್ನೆಲ್ಲ ಬೆಳಗುವ ಶಕ್ತಿ ಇದಕ್ಕಿಲ್ಲ. ಹಾಗೆ ಬೇಕಾದಾಗ ತಲೆಯನ್ನು ಗೋಡೆಯ ಕಡೆಗೆ ತಿರುಗಿಸಿದರೆ ಬೆಳಕು ಬಿಳಿ ಗೋಡೆಗೆ ಬಡಿದು ಮೆತ್ತಗೆ ಹರಡುತ್ತದೆ; ಬಟ್ಟೆ ಮಡಿಸುವುದಕ್ಕೆ ಅಷ್ಟು ಸಾಕು. ಹಾಕಿರುವ ಬಲ್ಬ್ ಯಾವುದು ಎಂದು ಕೇಳುವವರಿಗೆ: ಇ27 ತಿರುಪು ಬುಡ, 2700 ಕೆಲ್ವಿನ್, 450 ಲ್ಯೂಮೆನ್, ಹೊರಮೈ ಹಾಲುಗಾಜಿನದು. ತಂತಿ ಕಾಣುವ ಪಾರದರ್ಶಕ ಬಲ್ಬ್ ಈ ಶೇಡಿಗೆ ಬೇಡ.