ಡೇಟೋನಾ, 1979: ಹೊಡೆದಾಟಕ್ಕೂ ಮೊದಲು ನಡೆದದ್ದು

ಎಲ್ಲರಿಗೂ ನಮಸ್ಕಾರ.

1979ರ ಫೆಬ್ರವರಿ 18, ಭಾನುವಾರ, ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾದಲ್ಲಿ ಡೇಟೋನಾ 500 ಎಂಬ, 500 ಮೈಲಿಗಳ ಒಂದು ಕಾರ್ ಓಟ ನಡೆಯಿತು. ಮೋಟಾರು ಓಟಗಳಲ್ಲಿ ಆಸಕ್ತಿ ಇರುವವರು ಅದರ ಒಂದು ತುಣುಕನ್ನಾದರೂ ನೋಡಿರುತ್ತೀರಿ. ಜಜ್ಜಿಹೋದ ಎರಡು ಕಾರುಗಳ ಪಕ್ಕದಲ್ಲಿ ಮೂವರು ಚಾಲಕರು ಹೊಡೆದಾಡುತ್ತಿರುವ ದೃಶ್ಯ ಅದು. ನಾಲ್ಕು ದಶಕಗಳಿಂದ ಜನ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಆ ಅರ್ಧ ನಿಮಿಷ ಉಳಿದ ಮೂರೂವರೆ ಗಂಟೆಯನ್ನು ನುಂಗಿಬಿಟ್ಟಿದೆ ಎನ್ನುವುದು ನನ್ನ ಸಂಕಟ. ಆ ಮೂವರು ಯಾಕೆ ಅಷ್ಟು ಕೆರಳಿದ್ದರು ಎಂದು ತಿಳಿಯಬೇಕಾದರೆ ಓಟವನ್ನು ಬೆಳಗಿನ ಮಳೆಯಿಂದಲೇ ನೋಡಬೇಕು. ಇವತ್ತು ಆ ಕೆಲಸ ಮಾಡೋಣ.

ಮೊದಲು ಜಾಗದ ಪರಿಚಯ. ಡೇಟೋನಾದಲ್ಲಿ ಮೊದಲು ಓಟಗಳು ನಡೆಯುತ್ತಿದ್ದುದು ಕಡಲತೀರದ ಗಟ್ಟಿ ಮರಳಿನ ಮೇಲೆ. ಈ ಓಟಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆಯನ್ನು 1948ರಲ್ಲಿ ಕಟ್ಟಿದ ಬಿಲ್ ಫ್ರಾನ್ಸ್ ಅವರೇ ಊರಿನ ಹೊರಗೆ ಎರಡೂವರೆ ಮೈಲಿ ಉದ್ದದ ಟ್ರ್ಯಾಕ್ ಕಟ್ಟಿಸಿ 1959ರಲ್ಲಿ ತೆರೆದರು. ಅದರ ತಿರುವುಗಳು 31 ಡಿಗ್ರಿಯಷ್ಟು ವಾಲಿಕೊಂಡಿವೆ. ಆ ಕಡಿದಾದ ಇಳಿಜಾರಿನ ಮೇಲೆ ನಿಂತುಕೊಳ್ಳುವುದೇ ಕಷ್ಟ. ವೇಗವಾಗಿ ಬರುವ ಕಾರು ಮಾತ್ರ ಆ ವಾಲಿಕೆಗೆ ಒತ್ತಿಕೊಂಡು ತಿರುಗಿಬಿಡುತ್ತದೆ. ಓಡುವುದು ಸ್ಟಾಕ್ ಕಾರುಗಳು. ಅಂಗಡಿಯಲ್ಲಿ ಮಾರುವ ಕಾರಿನ ಆಕಾರ ಉಳಿಸಿಕೊಂಡು, ಒಳಗೆ ಉಕ್ಕಿನ ಪಂಜರವನ್ನೂ ಬಲವಾದ ಎಂಜಿನನ್ನೂ ತುಂಬಿದ ಭಾರೀ ಗಾಡಿಗಳು. 1979ರಲ್ಲಿ ಮೊದಲ ಸ್ಥಾನದಿಂದ ಹೊರಟ ಬಡ್ಡಿ ಬೇಕರ್ ಅರ್ಹತಾ ಸುತ್ತಿನಲ್ಲಿ ಗಂಟೆಗೆ 196 ಮೈಲಿ, ಅಂದರೆ ಸುಮಾರು 315 ಕಿಲೋಮೀಟರ್ ವೇಗ ತೋರಿಸಿದ್ದರು. ಪಾಪ, ಓಟದ ಆರಂಭದಲ್ಲೇ ಅವರ ಕಾರು ಕೈಕೊಟ್ಟಿತು.

ಆ ದಿನದ ಇನ್ನೊಂದು ಸಂಗತಿ ಟ್ರ್ಯಾಕಿನ ಹೊರಗಿನದು. ಅಲ್ಲಿಯವರೆಗೆ ದೊಡ್ಡ ಓಟಗಳು ಟಿವಿಯಲ್ಲಿ ತುಂಡು ತುಂಡಾಗಿ, ತಡವಾಗಿ ಬರುತ್ತಿದ್ದವು. 500 ಮೈಲಿಗಳ ಓಟವೊಂದನ್ನು ಮೊದಲ ಬಾವುಟದಿಂದ ಕೊನೆಯ ಬಾವುಟದವರೆಗೆ ಇಡೀ ಅಮೆರಿಕಕ್ಕೆ ನೇರವಾಗಿ ತೋರಿಸಲು ಸಿಬಿಎಸ್ ವಾಹಿನಿ ಒಪ್ಪಿಕೊಂಡದ್ದು ಅದೇ ಮೊದಲು. ವೀಕ್ಷಕ ವಿವರಣೆ ಕೆನ್ ಸ್ಕ್ವಾಯರ್ ಅವರದು. ಅದೇ ಹೊತ್ತಿಗೆ ಪೂರ್ವ ಕರಾವಳಿಯ ರಾಜ್ಯಗಳ ಮೇಲೆ ಭಾರೀ ಹಿಮ ಬೀಳತೊಡಗಿತು. ವಾಷಿಂಗ್ಟನ್ ನಗರದಲ್ಲಿ ಒಂದೂವರೆ ಅಡಿಗಿಂತ ಹೆಚ್ಚು. ಮನೆಯಿಂದ ಕಾಲು ಹೊರಗಿಡಲಾಗದ ಲಕ್ಷಾಂತರ ಜನ ಟಿವಿ ಹಚ್ಚಿದರು. ಸ್ಟಾಕ್ ಕಾರ್ ಓಟವನ್ನು ದಕ್ಷಿಣದ ರಾಜ್ಯಗಳವರ ಹುಚ್ಚು ಎಂದು ಬದಿಗಿಟ್ಟಿದ್ದವರೂ ಅವರಲ್ಲಿದ್ದರು.

ಡೇಟೋನಾದಲ್ಲಿ ಬಿದ್ದದ್ದು ಹಿಮವಲ್ಲ, ಮಳೆ. ಬೆಳಿಗ್ಗೆ ಚೆನ್ನಾಗಿ ಸುರಿದು ನಿಂತಿತ್ತು. ನೇರ ಪ್ರಸಾರದ ಸಮಯ ನಿಗದಿಯಾಗಿದ್ದರಿಂದ ಓಟವನ್ನು ಮುಂದೂಡುವ ಮನಸ್ಸು ಯಾರಿಗೂ ಇರಲಿಲ್ಲ. ಹಾಗಾಗಿ ಹಸಿರು ಬಾವುಟದ ಜೊತೆಗೇ ಎಚ್ಚರಿಕೆಯ ಹಳದಿ ಬಾವುಟವನ್ನೂ ತೋರಿಸಿ, ಮೊದಲ ಹದಿನೈದರಷ್ಟು ಸುತ್ತುಗಳನ್ನು ನಿಧಾನವಾಗಿ ಓಡಿಸಿ, ಕಾರುಗಳಿಂದಲೇ ಟ್ರ್ಯಾಕನ್ನು ಒಣಗಿಸಿದರು. ಡಾಂಬರು ಒಣಗಿತು. ಅದರ ಪಕ್ಕದ ಹುಲ್ಲುನೆಲ ಒಣಗಲಿಲ್ಲ. ಈ ಒಂದು ವಿವರವನ್ನು ದಯವಿಟ್ಟು ನೆನಪಿನಲ್ಲಿಡಿ.

ಈಗ ಮೂವರ ಪರಿಚಯ. ಡಾನಿ ಆಲಿಸನ್ ಮತ್ತು ಬಾಬಿ ಆಲಿಸನ್ ಅಣ್ಣತಮ್ಮಂದಿರು, ಅಲಬಾಮಾ ರಾಜ್ಯದ ಹ್ಯೂಯ್‌ಟೌನ್‌ನವರು. ಅಣ್ಣ ಬಾಬಿ ಹಿಂದಿನ ವರ್ಷ ಇದೇ ಓಟವನ್ನು ಗೆದ್ದಿದ್ದರು. ಮೂರನೆಯವರು ದಕ್ಷಿಣ ಕ್ಯಾರೊಲಿನಾದ ಕೇಲ್ ಯಾರ್ಬರೋ. 1976, 77, 78, ಮೂರು ವರ್ಷ ಸತತವಾಗಿ ನ್ಯಾಸ್ಕಾರ್‌ನ ಇಡೀ ವರ್ಷದ ಅಂಕಗಳಲ್ಲಿ ಚಾಂಪಿಯನ್. ಕುಳ್ಳಗೆ ಗಟ್ಟಿಮುಟ್ಟಾದ ಆಳು, ಹಿಂದೆ ಸರಿಯುವುದನ್ನು ಕಲಿತವರೇ ಅಲ್ಲ.

ಮೂವತ್ತು ಸುತ್ತು ದಾಟುತ್ತಿದ್ದಂತೆ ಹಿಂಬದಿಯ ನೇರ ರಸ್ತೆಯಲ್ಲಿ ಈ ಮೂವರೂ ಒಬ್ಬರಿಗೊಬ್ಬರು ತಾಗಿಕೊಂಡು ಗಿರಕಿ ಹೊಡೆದರು. ಕಾರುಗಳು ಹುಲ್ಲಿಗೆ ಇಳಿದವು. ಆ ಹುಲ್ಲು ಬೆಳಗಿನ ಮಳೆಯಲ್ಲಿ ನೆನೆದು ಕೆಸರಾಗಿತ್ತು. ಕೇಲ್ ಅವರ ಕಾರು ಅದರಲ್ಲಿ ಹೂತು ಹೊರಬರುವಷ್ಟರಲ್ಲಿ ಅವರು ಮೂರು ಸುತ್ತು ಹಿಂದೆ ಬಿದ್ದಿದ್ದರು. ಬಾಬಿಯವರೂ ಗೆಲುವಿನ ಲೆಕ್ಕದಿಂದ ಹೊರಬಿದ್ದರು. ಡಾನಿ ಬೇಗ ಚೇತರಿಸಿಕೊಂಡು ಮತ್ತೆ ಮುಂಚೂಣಿಗೆ ಬಂದರು. ಮೂರು ಸುತ್ತು ಎಂದರೆ ಏಳೂವರೆ ಮೈಲಿ. ಸಾಮಾನ್ಯವಾಗಿ ಅಲ್ಲಿಗೆ ಆ ಚಾಲಕನ ದಿನ ಮುಗಿದಂತೆಯೇ.

ಕೇಲ್ ಅದನ್ನು ಹಿಂದಕ್ಕೆ ಪಡೆದ ಬಗೆಯೇ ನನ್ನ ಪ್ರಕಾರ ಈ ಓಟದ ತಿರುಳು. ಆಗಿನ ನಿಯಮ ಇಂದಿನದಲ್ಲ. ಅಪಘಾತವಾಗಿ ಹಳದಿ ಬಾವುಟ ಬಂದರೆ ಈಗ ಎಲ್ಲರೂ ಇದ್ದ ಸ್ಥಾನದಲ್ಲೇ ಉಳಿಯಬೇಕು. ಆಗ ಬಾವುಟ ಕಂಡ ಮೇಲೂ, ಸುತ್ತು ಮುಗಿಯುವ ಗೆರೆ ದಾಟುವವರೆಗೆ ಓಟ ಮುಂದುವರಿಯುತ್ತಿತ್ತು. ಒಂದು ಸುತ್ತು ಹಿಂದಿರುವ ಚಾಲಕ ಆ ಗೆರೆಯನ್ನು ಮುಂದಾಳುವಿಗಿಂತ ಮೊದಲು ದಾಟಿದರೆ ಆ ಸುತ್ತು ಅವನಿಗೆ ಮರಳಿ ಸಿಗುತ್ತಿತ್ತು. ಆಮೇಲೆ ಎಲ್ಲರೂ ನಿಧಾನವಾಗುವ ಹೊತ್ತಿನಲ್ಲಿ ಅವನು ಸುತ್ತಿಕೊಂಡು ಬಂದು ಸಾಲಿನ ಬಾಲಕ್ಕೆ ಸೇರಿಕೊಳ್ಳಬಹುದಿತ್ತು. ಅಪಾಯದ ನಿಯಮ ಅದು. ಮುಂದೆ ಕೆಟ್ಟು ನಿಂತ ಕಾರಿದ್ದರೂ ಹಿಂದಿನವರು ಪೂರ್ತಿ ವೇಗದಲ್ಲಿ ಬರುತ್ತಿದ್ದರು. 2003ರಲ್ಲಿ ಅದನ್ನು ಕೈಬಿಟ್ಟದ್ದು ಸರಿಯಾದ ಕೆಲಸ. ಆದರೆ ಆ ನಿಯಮ ಇದ್ದ ಕಾಲದಲ್ಲಿ ಅದನ್ನು ಬಳಸಿಕೊಳ್ಳಲು ಕಾರಿನಲ್ಲಿ ವೇಗ ಬೇಕಿತ್ತು, ಚಾಲಕನಲ್ಲಿ ಎದೆಗಾರಿಕೆ ಬೇಕಿತ್ತು. ಮುಂದಾಳುವಿನ ಮಗ್ಗುಲಲ್ಲೇ ಕಾದಿದ್ದು, ಹಳದಿ ಕಂಡ ಕ್ಷಣ ಅವರನ್ನು ಹಿಂದಿಕ್ಕಬೇಕು. ಒಮ್ಮೆಯಲ್ಲ, ಮೂರು ಸಲ. ಕೇಲ್ ಅದನ್ನು ಮಾಡಿದರು. ಮಧ್ಯಾಹ್ನವೆಲ್ಲ ದುಡಿದು, ಕೆಸರಿನಲ್ಲಿ ಕಳೆದುಕೊಂಡ ಒಂದೊಂದು ಸುತ್ತನ್ನೂ ವಸೂಲು ಮಾಡಿಕೊಂಡು, ಕೊನೆಯ ಇಪ್ಪತ್ತು ಚಿಲ್ಲರೆ ಸುತ್ತುಗಳ ಹೊತ್ತಿಗೆ ಎರಡನೇ ಸ್ಥಾನದಲ್ಲಿದ್ದರು. ಅವರ ಮುಂದೆ ಇದ್ದದ್ದು ಒಂದೇ ಕಾರು. ಡಾನಿಯವರದು.

ಡಾನಿಗೂ ಆ ದಿನ ಅಷ್ಟೇ ಮುಖ್ಯವಾಗಿತ್ತು. ಅಣ್ಣನ ನೆರಳಿನಲ್ಲೇ ಹೆಸರು ಮಾಡಿದವರು, ಡೇಟೋನಾ 500 ಅನ್ನು ಎಂದೂ ಗೆದ್ದಿರಲಿಲ್ಲ. ಅಂದು ಅತಿ ಹೆಚ್ಚು ಸುತ್ತುಗಳಲ್ಲಿ ಮುಂದಿದ್ದವರು ಅವರೇ. ಇವರಿಬ್ಬರೂ ಉಳಿದವರಿಗಿಂತ ಸುಮಾರು ಅರ್ಧ ಸುತ್ತು ಮುಂದಿದ್ದರು. ಹಿಂದಿನ ಗುಂಪಿನಲ್ಲಿ ರಿಚರ್ಡ್ ಪೆಟ್ಟಿ, ಡ್ಯಾರೆಲ್ ವಾಲ್ಟ್ರಿಪ್, ಎ. ಜೆ. ಫಾಯ್ಟ್ ಮೂರನೇ ಸ್ಥಾನಕ್ಕಾಗಿ ಹೋರಾಡುತ್ತಿದ್ದರು.

ಎರಡೇ ಕಾರು ಉಳಿದಾಗ ಡೇಟೋನಾದಲ್ಲಿ ಎರಡನೆಯವನಾಗಿರುವುದೇ ಲೇಸು. ಲಾರಿಯ ಹಿಂದೆ ಸೈಕಲ್ ತುಳಿದವರಿಗೆ ಇದರ ಗುಟ್ಟು ಗೊತ್ತು. ಮುಂದಿನ ಕಾರು ಗಾಳಿಯನ್ನು ಸೀಳುತ್ತದೆ, ಹಿಂದಿನದಕ್ಕೆ ಅಷ್ಟು ಶ್ರಮವಿಲ್ಲ. ಹಾಗೆ ಉಳಿಸಿಕೊಂಡ ಬಲವನ್ನು ಒಮ್ಮೆಗೇ ಬಿಟ್ಟು, ಪಕ್ಕಕ್ಕೆ ಜಿಗಿದು ಮುಂದೆ ನುಗ್ಗುವುದಕ್ಕೆ ಸ್ಲಿಂಗ್‌ಶಾಟ್ ಎನ್ನುತ್ತಾರೆ. 1960ರಲ್ಲಿ ಇದೇ ಟ್ರ್ಯಾಕಿನಲ್ಲಿ, ತನ್ನ ಕಾರು ನಿಧಾನವೆಂದು ತಿಳಿದೂ, ಬೇರೆಯವರ ಬೆನ್ನಿಗೆ ಅಂಟಿಕೊಂಡು ಓಡಿಸಿ ಗೆದ್ದವರು ಜೂನಿಯರ್ ಜಾನ್ಸನ್. ಹರೆಯದಲ್ಲಿ ಉತ್ತರ ಕ್ಯಾರೊಲಿನಾದ ಬೆಟ್ಟದ ದಾರಿಗಳಲ್ಲಿ ರಾತ್ರಿಹೊತ್ತು ಕಳ್ಳಭಟ್ಟಿ ಸಾಗಿಸುತ್ತ ಚಾಲನೆ ಕಲಿತವರು, ಕಳ್ಳಭಟ್ಟಿಯ ದಂಧೆಗಾಗಿ ಜೈಲು ಕಂಡವರು. 1979ರಲ್ಲಿ ಕೇಲ್ ಓಡಿಸುತ್ತಿದ್ದ ಕಾರು ಇದೇ ಜೂನಿಯರ್ ಜಾನ್ಸನ್ ಅವರದು. ಗಾಳಿಯ ಈ ಆಟವನ್ನು ಕಂಡುಹಿಡಿದವರ ಕಾರಿನಲ್ಲಿ ಕೂತು ಕೇಲ್ ಸುತ್ತಿನ ಮೇಲೆ ಸುತ್ತು ಡಾನಿಯ ಬಂಪರಿಗೆ ಅಂಟಿಕೊಂಡು ಬಂದರು. ತಾಳ್ಮೆಯಿಂದ ಕಾದರು. ಅವರು ಯಾವಾಗ ನುಗ್ಗುತ್ತಾರೆ ಎಂಬುದು ಡಾನಿಗೂ ಗೊತ್ತಿತ್ತು.

ಇನ್ನೂರನೇ, ಅಂದರೆ ಕೊನೆಯ ಸುತ್ತು. ಎರಡನೇ ತಿರುವು ದಾಟಿ ಹಿಂಬದಿಯ ನೇರಕ್ಕೆ ಬಂದೊಡನೆ ಕೇಲ್ ಎಡಕ್ಕೆ, ಒಳಬದಿಗೆ ಜಿಗಿದರು. ಡಾನಿಯವರೂ ಕೆಳಕ್ಕೆ ಸರಿದರು. ಒಳದಾರಿ ಮುಚ್ಚಿದರೆ ಕೇಲ್ ಸುತ್ತು ಬಳಸಿ ಮೇಲಿನಿಂದ ಬರಬೇಕಾಗುತ್ತದೆ ಎಂಬುದು ಅವರ ಲೆಕ್ಕ. ಕೇಲ್ ಬಿಡಲಿಲ್ಲ. ಅವರ ಎಡಗಡೆಯ ಚಕ್ರಗಳು ಡಾಂಬರು ಬಿಟ್ಟು ಮಳೆ ಕುಡಿದಿದ್ದ ಹುಲ್ಲಿಗೆ ಇಳಿದವು. ಕಾರು ಹತೋಟಿ ತಪ್ಪಿ ಡಾನಿಯ ಕಾರಿಗೆ ಬಡಿಯಿತು. ಬೇರೆಯಾದವು. ಮತ್ತೆ ಬಡಿದವು. ಇಬ್ಬರೂ ವೇಗ ಇಳಿಸಲಿಲ್ಲ. ಮೂರನೇ ಸಲ ಒಂದಕ್ಕೊಂದು ಅಂಟಿಕೊಂಡೇ ಏರು ಹತ್ತಿ ಮೂರನೇ ತಿರುವಿನ ಗೋಡೆಗೆ ಅಪ್ಪಳಿಸಿ, ಇಳಿಜಾರಿನಲ್ಲಿ ಜಾರಿ, ಕೆಳಗಿನ ಹುಲ್ಲಿನಲ್ಲಿ ನಿಂತವು.

ತಪ್ಪು ಯಾರದು? ಕೇಲ್ ಕೊನೆಯವರೆಗೂ ಡಾನಿಯದೆಂದರು, ಡಾನಿ ಕೇಲ್ ಅವರದೆಂದರು. ನಾನು ಡಾನಿಯ ಪಕ್ಷ. ಮುಂದಿರುವವನು ತನ್ನ ದಾರಿಯನ್ನು ಆರಿಸಿಕೊಳ್ಳುವುದು ಅಂದಿನ ರೂಢಿಯೇ ಆಗಿತ್ತು. ಹುಲ್ಲು ತಾಗಿದ ಕ್ಷಣ ಕೇಲ್ ಕಾಲನ್ನು ಸ್ವಲ್ಪ ಸಡಿಲಿಸಿದ್ದರೆ ಎರಡನೇ ಸ್ಥಾನ ಕೈಯಲ್ಲಿರುತ್ತಿತ್ತು. ಆದರೆ ಅವರ ಜಾಗದಲ್ಲಿ ನಿಂತು ಯೋಚಿಸಿದಾಗ ನನಗೆ ಸಿಟ್ಟು ಬರುವುದಿಲ್ಲ. ಕಳೆದುಕೊಂಡ ಮೂರು ಸುತ್ತನ್ನು ಒಂದೊಂದಾಗಿ ಗಳಿಸಿಕೊಂಡು ಬಂದವರು ಎರಡನೇ ಸ್ಥಾನಕ್ಕಾಗಿ ಅಷ್ಟು ಪಾಡು ಪಟ್ಟಿರಲಿಲ್ಲ. 2001ರಿಂದ ಡೇಟೋನಾದಂಥ ಟ್ರ್ಯಾಕುಗಳಲ್ಲಿ ಒಳಬದಿಯ ಹಳದಿ ಗೆರೆಯ ಕೆಳಗಿಳಿದು ಯಾರನ್ನೂ ಹಿಂದಿಕ್ಕುವಂತಿಲ್ಲ, ಇನ್ನೊಬ್ಬನನ್ನು ಅದರ ಕೆಳಗೆ ತಳ್ಳುವಂತೆಯೂ ಇಲ್ಲ. ಇಂದಾಗಿದ್ದರೆ ಅಧಿಕಾರಿಗಳು ಇಬ್ಬರನ್ನೂ ಕರೆಸುತ್ತಿದ್ದರು.

ಅರ್ಧ ಸುತ್ತು ಹಿಂದೆ ಬರುತ್ತಿದ್ದವರಿಗೆ ಈಗ ಮೂರನೇ ಸ್ಥಾನವೇ ಮೊದಲ ಸ್ಥಾನವಾಯಿತು. ರಿಚರ್ಡ್ ಪೆಟ್ಟಿಯವರ ಸ್ಥಿತಿಯನ್ನು ಸ್ವಲ್ಪ ಕೇಳಿ. 1959ರ ಮೊದಲ ಡೇಟೋನಾ 500 ಗೆದ್ದ ಲೀ ಪೆಟ್ಟಿಯವರ ಮಗ ಇವರು. ಆಗಲೇ ಐದು ಸಲ ಈ ಓಟ ಗೆದ್ದಿದ್ದರು. ಆದರೆ 1977ರ ಜುಲೈನಲ್ಲಿ ಇದೇ ಟ್ರ್ಯಾಕಿನಲ್ಲಿ ಗೆದ್ದ ಮೇಲೆ ಸತತ 45 ಓಟ ಸೋತಿದ್ದರು. ಕೆಲವೇ ತಿಂಗಳ ಹಿಂದೆ ಹುಣ್ಣಿನ ಕಾರಣಕ್ಕೆ ಹೊಟ್ಟೆಯ ಒಂದು ಭಾಗವನ್ನೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡಿದ್ದರು. ಕಾರು ಓಡಿಸಬೇಡಿ ಎಂದು ವೈದ್ಯರು ಹೇಳಿದ್ದರು. ಓಡಿಸಿದರು. ವಾಲ್ಟ್ರಿಪ್ ತಮ್ಮ ಬೆನ್ನ ಹಿಂದೆ ಅದೇ ಸ್ಲಿಂಗ್‌ಶಾಟಿಗೆ ಹೊಂಚು ಹಾಕುತ್ತಿರುವಾಗ, ಪೆಟ್ಟಿ ಕೊನೆಯ ತಿರುವಿನಿಂದ ಒಳದಾರಿಯನ್ನೇ ಹಿಡಿದು ಒಂದು ಕಾರಿನಷ್ಟು ಅಂತರದಲ್ಲಿ ಗೆರೆ ದಾಟಿದರು. ಅವರ ತಂಡದವರೆಲ್ಲ ಕಾರಿನ ಮೇಲೆಯೇ ಹತ್ತಿ ಕೂತು ವಿಜಯದ ಜಾಗಕ್ಕೆ ಹೋದರು. ಆ ತಂಡದಲ್ಲಿ ಹದಿನೆಂಟರ ಮಗ ಕೈಲ್ ಪೆಟ್ಟಿಯೂ ಇದ್ದ. ಹಿಂದಿನ ಭಾನುವಾರ ಇದೇ ಟ್ರ್ಯಾಕಿನಲ್ಲಿ ತನ್ನ ಮೊಟ್ಟಮೊದಲ ಓಟವನ್ನೇ ಗೆದ್ದಿದ್ದ ಹುಡುಗ.

ಹೊಡೆದಾಟದ ಬಗ್ಗೆ ಹೆಚ್ಚು ಹೇಳಲಾರೆ. ಓಟ ಮುಗಿಸಿ ಬಂದ ಬಾಬಿ, ತಮ್ಮನಿಗೆ ಏನಾಯಿತೋ ಎಂದು ಕಾರು ನಿಲ್ಲಿಸಿದರು. ತಮ್ಮನಿಗೆ ಸಹಾಯ ಮಾಡಲು ಬಾಬಿ ದಾರಿಗೆ ಅಡ್ಡ ಬಂದರೆಂದು ಕೇಲ್ ದೂರಿದರು, ಹೆಲ್ಮೆಟ್ಟಿನಿಂದ ಬಾಬಿಯವರಿಗೆ ಹೊಡೆದರು. ಬಾಬಿ ಕಾರಿನಿಂದ ಇಳಿದರು. ಉಳಿದದ್ದನ್ನು ನೀವು ನೋಡಿದ್ದೀರಿ. ನನ್ನ ಮುಷ್ಟಿಗೆ ಕೇಲ್ ತನ್ನ ಮೂಗಿನಿಂದ ಹೊಡೆದ ಎಂದು ಬಾಬಿ ವರ್ಷಗಟ್ಟಲೆ ಹೇಳಿ ನಗುತ್ತಿದ್ದರು. ಕೆನ್ ಸ್ಕ್ವಾಯರ್ ಆ ಗದ್ದಲದಲ್ಲೂ ಸರಿಯಾದುದನ್ನೇ ಹಿಡಿದರು. ಇವರಿಗೆ ಸಿಟ್ಟು ಬಂದಿದೆ, ಸೋತೆವೆಂದು ಗೊತ್ತಾಗಿದೆ, ಎಂಥ ಕಹಿ ಸೋಲು ಎಂದರು. ಆ ಹಿಡಿ ಮಾತಿಗಾಗಿ ಅವರನ್ನು ನಾನು ಬಹಳ ಗೌರವಿಸುತ್ತೇನೆ.

ನ್ಯಾಸ್ಕಾರ್ ಮೂವರಿಗೂ ತಲಾ ಆರು ಸಾವಿರ ಡಾಲರ್ ದಂಡ ಹಾಕಿತು. ಮುಂದೆ ರಾಕಿಂಗ್‌ಹ್ಯಾಮ್ ಓಟದಲ್ಲಿ ಕೇಲ್ ಮತ್ತು ಡಾನಿ ಆರಂಭದಲ್ಲೇ ಮತ್ತೆ ಡಿಕ್ಕಿಯಾದರು. ಗೆದ್ದದ್ದು ಬಾಬಿ. ವರ್ಷದ ಕೊನೆಗೆ ಪೆಟ್ಟಿ ವಾಲ್ಟ್ರಿಪ್ ಅವರಿಗಿಂತ ಹನ್ನೊಂದೇ ಅಂಕ ಹೆಚ್ಚು ಪಡೆದು ಏಳನೇ ಸಲ ಚಾಂಪಿಯನ್ ಆದರು. ಕೇಲ್ 1983 ಮತ್ತು 84ರಲ್ಲಿ ಡೇಟೋನಾ 500 ಅನ್ನು ಮತ್ತೆ ಗೆದ್ದು ಒಟ್ಟು ನಾಲ್ಕಕ್ಕೆ ಏರಿದರು. ಬಾಬಿ 1988ರಲ್ಲಿ ಮೂರನೆಯದನ್ನು ಗೆದ್ದಾಗ ಎರಡನೆಯವನಾಗಿ ಬಂದದ್ದು ಅವರ ಮಗ ಡೇವಿ.

ಡಾನಿಗೆ ಮಾತ್ರ ಡೇಟೋನಾ 500 ಒಲಿಯಲೇ ಇಲ್ಲ. 1981ರಲ್ಲಿ ಶಾರ್ಲಟ್‌ನಲ್ಲಿ ನಡೆದ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡರು, ಮತ್ತೆಂದೂ ಪೂರ್ಣಾವಧಿಗೆ ಮರಳಲಿಲ್ಲ. ಒಟ್ಟು ಗೆಲುವು ಹತ್ತು. ನ್ಯಾಸ್ಕಾರ್ ಗೌರವ ಭವನ ಅವರನ್ನು ಸೇರಿಸಿಕೊಂಡದ್ದು 2024ರಲ್ಲಿ, ಕೇಲ್ ತೀರಿಕೊಂಡ ಕೆಲವೇ ವಾರಗಳ ನಂತರ. ಮಳೆ ಬಾರದಿದ್ದರೆ ಕೆಸರಿಲ್ಲ, ಕೆಸರಿಲ್ಲದಿದ್ದರೆ ಆ ಓಟದ ಉಳಿದ ಭಾಗ ಹೇಗೆ ಸಾಗುತ್ತಿತ್ತೋ. ಆದರೆ ನಡೆದ ಓಟದಲ್ಲಿ ಆ ಗೆಲುವಿಗೆ ಎಲ್ಲರಿಗಿಂತ ಹೆಚ್ಚು ಅರ್ಹರಾಗಿದ್ದವರು ಡಾನಿ ಆಲಿಸನ್ ಎಂದೇ ನನ್ನ ನಂಬಿಕೆ. ಕೇಲ್ ಅವರ ಪರವಾಗಿ ವಾದ ಇರುವವರು ಈಗ ಮಾತನಾಡಬಹುದು. ಅವರ ಮಾತನ್ನೇ ಮೊದಲು ಕೇಳೋಣ.